ನಾನಿನ್ನೂ ಬಂಡೆ ಇಳಿದಿಲ್ಲ

"ನಿಲ್ಲಿಸು ಮರಿ, ನಾನಿನ್ನೂ ಬಂಡೆ ಇಳಿದಿಲ್ಲ."

2021ರ ಮೇ, ಕೊರೊನಾದ ಎರಡನೆಯ ಲಾಕ್‌ಡೌನ್. ಸೋಮವಾರ ಬೆಳಿಗ್ಗೆ ಅಪ್ಪ ನನ್ನ ಮಗನಿಗೆ ಹೇಳಿದ ಮಾತು ಇದು. ವಾರ ಮುಗಿಯುತ್ತ ಬಂದರೂ ನನ್ನ ಕಿವಿಯಿಂದ ಹೋಗಿಲ್ಲ. ಹೇಳಿದಾಗ ಅಪ್ಪ ಇದ್ದದ್ದು ಬಸವನಗುಡಿಯ ನಮ್ಮ ಮನೆಯ ಹಜಾರದಲ್ಲಿ. ಕಾಲಲ್ಲಿ ಕ್ಯಾನ್ವಾಸ್ ಬೂಟು, ಎದುರಿಗೆ ಟಿ.ವಿ., ಟಿ.ವಿ.ಯಲ್ಲಿ ಅಪ್ಪ ದಿನವೂ ನಡೆಯಲು ಹೋಗುತ್ತಿದ್ದ ಲಾಲ್‌ಬಾಗ್ ತೋಟದ ಕೆರೆ. ಮಗ ಫೋಟೋಗಳನ್ನು ಐದು ಸೆಕೆಂಡಿಗೆ ಒಂದರಂತೆ ತಾನಾಗಿಯೇ ಸರಿಯುವಂತೆ ಜೋಡಿಸಿದ್ದ. ಬಂಡೆಯ ಮೇಲಿನ ಕೆಂಪೇಗೌಡರ ಗೋಪುರ ಬಂತು, ಹೋಯಿತು, ಕೆರೆಯ ಏರಿ ಬಂತು. ಅಪ್ಪ ನಡು ಹಜಾರದಲ್ಲಿ ಕೈ ಎತ್ತಿ ನಿಂತುಬಿಟ್ಟರು. ನನ್ನ ಮಗನಿಗೆ ಅರ್ಥವಾಗಲಿಲ್ಲ, ಮೊದಲು ನನಗೂ ಆಗಲಿಲ್ಲ. "ಗೋಪುರದಿಂದ ಏರಿಗೆ ನನ್ನ ಹೆಜ್ಜೆಯಲ್ಲಿ ಹನ್ನೊಂದು ನಿಮಿಷ. ಇಷ್ಟು ಬೇಗ ಹೇಗೆ ಬರಲಿ?" ಎಂದರು. ಮುಖದಲ್ಲಿ ನಗು ಇರಲಿಲ್ಲ.

ಅಪ್ಪನಿಗೆ ಈಗ 78. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ಊರೂರು ಅಲೆದು ನಿವೃತ್ತರಾದವರು. ನೆಲವನ್ನು ಅಳೆಯದೆ ತುಳಿಯುವುದು ಅವರಿಗೆ ಗೊತ್ತಿಲ್ಲ. ಹೋದ ವರ್ಷದ ಲಾಕ್‌ಡೌನ್‌ನ ಮೊದಲ ವಾರದಲ್ಲೇ ಟೇಪು ಹಿಡಿದು ಮುಂಬಾಗಿಲಿನಿಂದ ಹಿತ್ತಿಲ ಬಾಗಿಲವರೆಗೆ ಅಳೆದಿದ್ದರು. ಸರಿಯಾಗಿ 33 ಅಡಿ. ಅದನ್ನು ಕಂಡು ಅವರಿಗಾದ ಸಂತೋಷ ನನಗೆ ಈಗಲೂ ನೆನಪಿದೆ. ಸರ್ವೆ ಸರಪಳಿ 66 ಅಡಿ, ಅದರ ಅರ್ಧ ನಮ್ಮ ಮನೆ; ಒಂದು ಗುಂಟೆ ಜಮೀನಿನ ಒಂದು ಮಗ್ಗುಲು. 80 ಸರಪಳಿಗೆ ಒಂದು ಮೈಲಿ, ಹಾಗಾಗಿ 160 ಸಲ ನಡೆದರೆ ಒಂದು ಮೈಲಿ. ಲೆಕ್ಕ ತಪ್ಪಬಾರದೆಂದು ಕಿಟಕಿಯ ಕಟ್ಟೆಯ ಮೇಲೆ ಎರಡು ಬಟ್ಟಲು ಇಟ್ಟರು. ಹತ್ತು ಸಲ ನಡೆದರೆ ಒಂದು ಹುಣಸೆ ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಹದಿನಾರು ಬೀಜ ದಾಟಿದರೆ ಮೈಲಿ ಮುಗಿಯಿತು. ಮನೆಯೊಳಗೆ ಬೂಟು ಹಾಕುವುದಕ್ಕೆ ಅಮ್ಮ ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಪ್ಪಿದಳು. ಬೂಟಿನ ಅಡಿಯನ್ನು ದಿನವೂ ತಾನೇ ಒರೆಸುತ್ತಾಳೆ.

ಈ ಸಲದ್ದು ಎರಡನೆಯ ಸುತ್ತು. ಏಪ್ರಿಲ್ 27ರಿಂದ ಮತ್ತೆ ಎಲ್ಲ ಬಂದ್. ಬೆಳಿಗ್ಗೆ ಆರರಿಂದ ಹತ್ತರವರೆಗೆ ದಿನಸಿ ಅಂಗಡಿ. ಉಳಿದ ಹೊತ್ತಿನಲ್ಲಿ ಬೀದಿಯಲ್ಲಿ ಕೇಳಿಸುವುದು ಆಂಬ್ಯುಲೆನ್ಸ್ ಮಾತ್ರ. ನಮ್ಮ ಬೀದಿಯಲ್ಲಿ ಒಬ್ಬರು ಖಾಲಿ ಹಾಲಿನ ಚೀಲ ಹಿಡಿದು ದಿನವೂ ಒಂದು ಗಂಟೆ ಸುತ್ತಿ ಬರುತ್ತಾರೆ. ಅಪ್ಪನನ್ನೂ ಕರೆದರು. ಅಪ್ಪ ಕೈಮುಗಿದು ಬೇಡ ಎಂದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿದೆ. ಆಸ್ಪತ್ರೆಗಳ ಮುಂದೆ ಜನ ಹಾಸಿಗೆಗಾಗಿ ಕಾಯುತ್ತಿರುವ ತಿಂಗಳಿನಲ್ಲಿ, ಕೈಯಲ್ಲೊಂದು ಚೀಲ ಇದ್ದರೆ ನಿಯಮ ತನಗಲ್ಲ ಎಂದುಕೊಳ್ಳುವುದು ನನಗೆ ಸಹಿಸಲಾಗುವುದಿಲ್ಲ.

ಹೊರದೇಶದಲ್ಲಿರುವ ಅಣ್ಣ ವಿಡಿಯೊಗಳ ಕೊಂಡಿ ಕಳಿಸುತ್ತಾನೆ. ಯಾರೋ ಕ್ಯಾಮೆರಾ ಹಿಡಿದು ಜಪಾನಿನ ಬೀದಿಯಲ್ಲಿ, ಸ್ವಿಟ್ಜರ್ಲೆಂಡಿನ ಬೆಟ್ಟದ ದಾರಿಯಲ್ಲಿ ಗಂಟೆಗಟ್ಟಲೆ ನಡೆಯುವ ವಿಡಿಯೊಗಳು. "ಅಪ್ಪನಿಗೆ ಹಾಕಿ ಕೊಡು, ನಡೆದ ಹಾಗೇ ಇರುತ್ತದೆ" ಎಂದು ಬರೆದಿದ್ದ. ಅಪ್ಪ ಹತ್ತು ನಿಮಿಷ ಶ್ರದ್ಧೆಯಿಂದ ನೋಡಿದರು. "ದಾರಿ ಬಹಳ ಚೆನ್ನಾಗಿದೆ. ಗುರುತಿನವರು ಒಬ್ಬರೂ ಎದುರಾಗಲಿಲ್ಲ" ಎಂದು ರಿಮೋಟು ಕೆಳಗಿಟ್ಟರು. ಅಣ್ಣನಿಗೆ ಪ್ರೀತಿಯಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವನು ಕೊಂಡಿ ಕಳಿಸುವಷ್ಟು ಸಲ ಫೋನು ಮಾಡಿದ್ದರೆ ಅಪ್ಪ ಅವನೊಡನೆ ಮಾತನಾಡುತ್ತ ಇನ್ನೊಂದು ಮೈಲಿ ನಡೆಯುತ್ತಿದ್ದರು.

ಆಮೇಲೆ ನನ್ನ ಮಗನಿಗೆ ಹೊಳೆದದ್ದು, ತಾತನಿಗೆ ತಾತನ ಲಾಲ್‌ಬಾಗನ್ನೇ ತೋರಿಸೋಣ ಎಂದು. ಅವನಿಗೆ ಹದಿನಾರು ವರ್ಷ. ಭಾನುವಾರ ಇಡೀ ದಿನ ಕುಳಿತು ನಮ್ಮೆಲ್ಲರ ಮೊಬೈಲುಗಳಿಂದ, ಅಟ್ಟದ ಮೇಲಿದ್ದ ಹಳೆಯ ಆಲ್ಬಮ್ಮುಗಳಿಂದ ಚಿತ್ರಗಳನ್ನು ಒಟ್ಟು ಮಾಡಿದ. ಆ ಆಲ್ಬಮ್ಮುಗಳನ್ನು ತೆರೆದಾಗ ನನಗೊಂದು ಸಂಗತಿ ಕಣ್ಣಿಗೆ ಹೊಡೆಯಿತು. ಲಾಲ್‌ಬಾಗ್‌ನಲ್ಲಿ ತೆಗೆದ ಚಿತ್ರಗಳು ಎಷ್ಟೊಂದಿವೆ, ಒಂದರಲ್ಲೂ ದಾರಿ ಇಲ್ಲ! ಎಲ್ಲವೂ ನಿಂತು ತೆಗೆಸಿಕೊಂಡವು. ಎಚ್‌ಎಂಟಿ ಹೂವಿನ ಗಡಿಯಾರದ ಮುಂದೆ ನಾನು ಮತ್ತು ಅಣ್ಣ. ಆಗಸ್ಟ್ 15ರ ಫಲಪುಷ್ಪ ಪ್ರದರ್ಶನದಲ್ಲಿ ಗಾಜಿನ ಮನೆಯ ಮುಂದೆ ಅಮ್ಮ, ಚಿಕ್ಕಮ್ಮ, ಕೈಯಲ್ಲಿ ಬಟ್ಟೆಯ ಚೀಲ. ಚಾಮರಾಜೇಂದ್ರ ಒಡೆಯರ ಕುದುರೆ ಪ್ರತಿಮೆಯ ಕೆಳಗೆ ಸೋದರಮಾವ. ಒಂದು ರೋಲಿಗೆ 36 ಚಿತ್ರ, ಅದರಲ್ಲೇ ಹುಟ್ಟುಹಬ್ಬ, ಮದುವೆ, ಧರ್ಮಸ್ಥಳ ಎಲ್ಲ ಮುಗಿಯಬೇಕಾಗಿದ್ದ ಕಾಲ. ಬರಿಯ ಮರಕ್ಕೆ, ಬರಿಯ ದಾರಿಗೆ ಒಂದು ಚಿತ್ರ ಖರ್ಚು ಮಾಡುವ ಧೈರ್ಯ ಯಾರಿಗಿತ್ತು?

ಅಪ್ಪ ಆ ಚಿತ್ರಗಳಲ್ಲಿ ನಮ್ಮ ಮುಖ ನೋಡಲೇ ಇಲ್ಲ. ನಮ್ಮ ಹೆಗಲಿನ ಹಿಂದೆ ನೋಡುತ್ತಿದ್ದರು. ಗಡಿಯಾರದ ಮುಂದಿನ ಚಿತ್ರದಲ್ಲಿ ನಾನು ಅಮ್ಮ ಹೊಲಿದ ಹಸಿರು ಲಂಗ ಹಾಕಿಕೊಂಡಿದ್ದೇನೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೇನೆ. ನನ್ನ ಎಡಗಿವಿಯ ಪಕ್ಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮಸುಕಾದ ಹಸಿರು. ಅಪ್ಪ ಅದರ ಮೇಲೆ ಬೆರಳಿಟ್ಟು, "ಈ ಮರ ಹೋದ ಮಳೆಗಾಲದಲ್ಲಿ ಒಂದು ಕೊಂಬೆ ಕಳೆದುಕೊಂಡಿತು" ಎಂದರು. ಇಷ್ಟು ವರ್ಷ ನನ್ನದೆಂದುಕೊಂಡಿದ್ದ ಚಿತ್ರದಲ್ಲಿ ಇನ್ನೊಬ್ಬರು ವಾಸವಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಬಂಡೆಯ ಮಾತು ಬಂದ ಮೇಲೆ ಮಗ ತಾತನ ಪಕ್ಕ ಕುಳಿತು ನಿಮಿಷ ನಿಮಿಷವನ್ನೂ ಬರೆದುಕೊಂಡ. ವೆಸ್ಟ್ ಗೇಟಿನಿಂದ ಗಾಜಿನ ಮನೆಗೆ ಎಷ್ಟು, ಅಲ್ಲಿಂದ ಬಂಡೆಗೆ ಎಷ್ಟು, ಹತ್ತುವಾಗ ಎಷ್ಟು, ಇಳಿಯುವಾಗ ಎಷ್ಟು. ಇಳಿಯುವುದಕ್ಕೇ ಹೆಚ್ಚು ಹೊತ್ತು, ಮಂಡಿ ನೋವು. ಸುಮಾರು 300 ಕೋಟಿ ವರ್ಷ ಹಳೆಯ ಆ ಕಲ್ಲನ್ನು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ ಫಲಕದ ಮುಂದೆ ಅಪ್ಪ ದಿನವೂ ಉಸಿರು ತೆಗೆದುಕೊಳ್ಳುತ್ತಾರಂತೆ. ಮೇಲಿನ ಗೋಪುರ ಅವರ ಮಟ್ಟಿಗೆ ಮೋಜಣಿಯ ಗಡಿಕಲ್ಲು. ಹಲಸೂರು ಕೆರೆಯ ಹತ್ತಿರ ಒಂದು, ಕೆಂಪಾಂಬುಧಿ ಕೆರೆಯ ಹತ್ತಿರ ಒಂದು, ಮೇಖ್ರಿ ವೃತ್ತದ ಹತ್ತಿರ ಒಂದು, ಇಲ್ಲೊಂದು. ಊರು ಈ ನಾಲ್ಕನ್ನೂ ದಾಟಿ ಎಲ್ಲೆಲ್ಲಿಗೋ ಹೋಯಿತು ಎಂದು ಹೇಳುವಾಗ, ಯಾರೋ ತಮ್ಮ ಅಳತೆಯನ್ನು ಅಳಿಸಿದಂತೆ ಅವರ ದನಿ ಸಣ್ಣಗಾಗುತ್ತದೆ.

"ಎರಡು ಚಿತ್ರಗಳ ನಡುವೆ ಏನು ಹಾಕಲಿ ತಾತ?" ಎಂದು ಮಗ ಕೇಳಿದ.

"ಏನೂ ಬೇಡ. ಕಪ್ಪಗಿರಲಿ. ಅಲ್ಲಿ ನಾನು ನಡೆಯುತ್ತೇನೆ."

ಹಾಗೆಯೇ ಮಾಡಿದ. ಈಗ ಬೆಳಿಗ್ಗೆ ಆರೂವರೆಗೆ ನಮ್ಮ ಟಿ.ವಿ. ಬಹುಪಾಲು ಕಪ್ಪಗೇ ಇರುತ್ತದೆ. ಅಪ್ಪ ಹಜಾರದಲ್ಲಿ ಹೋಗುತ್ತಾ ಬರುತ್ತಾ ಮಾತನಾಡುತ್ತಾರೆ. ಇಲ್ಲಿ ಎಡಕ್ಕೆ ಮುರಿದ ಬೆಂಚು. ಇಲ್ಲಿ ಬೂರುಗದ ಬೇರು, ಗೋಡೆಯಂತೆ ಎದ್ದಿದೆ, ಮಕ್ಕಳು ಅದರ ಸಂದಿನಲ್ಲಿ ಅಡಗುತ್ತಾರೆ. ಇಲ್ಲಿ ನಗುವ ಸಂಘದವರು, ಏಳು ಗಂಟೆಗೆ ಶುರು. ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತು ಕೆಲಸ ಮಾಡುವವಳ ಹಾಗೆ ಕಾಣುತ್ತೇನೆ, ಕಿವಿಯೆಲ್ಲ ಅಲ್ಲೇ. ವೆಸ್ಟ್ ಗೇಟಿಗೆ ಅರ್ಧ ಗಂಟೆಯ ನಡಿಗೆಯಷ್ಟು ದೂರದಲ್ಲೂ ಇಲ್ಲದ ಮನೆಯಲ್ಲಿ ಹುಟ್ಟಿ ಬೆಳೆದು, ಆ 240 ಎಕರೆಯಲ್ಲಿ ನನಗೆ ಗೊತ್ತಿರುವುದು ಗಾಜಿನ ಮನೆ ಮತ್ತು ಜೋಳ ಮಾರುವವರು ನಿಲ್ಲುವ ಜಾಗ. ಇದನ್ನು ಬರೆಯುವಾಗ ನನಗೆ ನಿಜವಾಗಿ ನೋವಾಗುತ್ತದೆ.

ಅಪ್ಪನ ಇನ್ನೊಂದು ಕಟ್ಟುನಿಟ್ಟು, ಮೇ ತಿಂಗಳಿನಲ್ಲಿ ಮೇ ತಿಂಗಳಿನ ಮರವೇ ಕಾಣಬೇಕು. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಯೋಚಿಸಿ ಈ ಊರಿನ ಬೀದಿಗಳಲ್ಲಿ ಮರ ನೆಡಿಸಿದವರು. ವರ್ಷದ ಮೊದಲಿಗೆ ಗುಲಾಬಿ ಟಬೂಬಿಯಾ, ಆಮೇಲೆ ಹಳದಿಯದು, ನೇರಳೆಯ ಜಕರಂಡ, ಬೇಸಿಗೆ ಏರಿದ ಮೇಲೆ ಗುಲ್‌ಮೊಹರ್. ಆ ಸಾಲು ತಪ್ಪಿಸಿ ಚಿತ್ರ ತೋರಿಸಿದರೆ ಕ್ಯಾಲೆಂಡರು ಹರಿದಂತಾಗುತ್ತದೆ ಎನ್ನುತ್ತಾರೆ ಅಪ್ಪ. ಹಾಗಾಗಿ ಬುಧವಾರ ಗಾಜಿನ ಮನೆಯ ಆಚೆಗೆ, ನೆಲವೆಲ್ಲ ಗುಲಾಬಿ ಬಣ್ಣದ ಹೂವು ಹಾಸಿದ್ದ ಚಿತ್ರ ಬಂದ ಕೂಡಲೇ, "ಇದು ಫೆಬ್ರವರಿಯದು, ತೆಗೆ" ಎಂದರು.

ಮಗ ತೆಗೆಯಲು ಹೋದ.

"ಇರು. ತೆಗೆಯಬೇಡ."

ಅಪ್ಪ ಟಿ.ವಿ.ಯ ಹತ್ತಿರ ಹೋದರು. ಕನ್ನಡಕ ಮೇಲೆ ಸರಿಸಿ ಬಗ್ಗಿದರು. ಚಿತ್ರದ ಬಲ ಮೂಲೆಯಲ್ಲಿ, ಹೂವಿನ ಹಾಸಿನ ಆ ತುದಿಯಲ್ಲಿ, ಒಬ್ಬರು ಬರುತ್ತಿದ್ದಾರೆ. ಬಿಳಿಯ ಟೋಪಿ, ಬೂದು ಬಣ್ಣದ ತೋಳಿಲ್ಲದ ಸ್ವೆಟರು, ಕೈಯಲ್ಲಿ ಕೋಲು. ಮಗ ಹೂವಿಗಾಗಿ ತೆಗೆದ ಚಿತ್ರದಲ್ಲಿ ಬೆಂಕಿಕಡ್ಡಿಯಷ್ಟು ಎತ್ತರದ ಮನುಷ್ಯ.

"ನಮ್ಮ ಬಿಳಿ ಟೋಪಿಯವರು" ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಹೇಗಿದ್ದಾರೋ" ಎಂದರು.

ಯಾರು, ಹೆಸರೇನು, ಮನೆ ಎಲ್ಲಿ ಎಂದು ನಾನು ಕೇಳಿದೆ. ಅಪ್ಪನಿಗೆ ಒಂದೂ ಗೊತ್ತಿಲ್ಲ. ಹನ್ನೊಂದು ವರ್ಷಗಳಿಂದ ದಿನವೂ ಕಂಡಿದ್ದಾರೆ. ಅಪ್ಪ ಒಂದು ದಿಕ್ಕಿನಿಂದ ಸುತ್ತಿದರೆ ಅವರು ಇನ್ನೊಂದು ದಿಕ್ಕಿನಿಂದ. ಒಂದು ಸುತ್ತಿಗೆ ಎರಡು ಸಲ ಎದುರಾಗುತ್ತಾರೆ, ಗಾಜಿನ ಮನೆಯ ಆಚೆಗೊಮ್ಮೆ, ಕೆರೆಯ ಏರಿಯ ಮೇಲೊಮ್ಮೆ. ಮೊದಲನೆಯ ಸಲ ನಮಸ್ಕಾರ, ಎರಡನೆಯ ಸಲ ಬರಿಯ ತಲೆಯಾಡಿಸುವುದು. ಒಮ್ಮೆ ಅಪ್ಪ ಜ್ವರ ಬಂದು ನಾಲ್ಕು ದಿನ ಹೋಗಿರಲಿಲ್ಲ. ಐದನೆಯ ದಿನ ಅವರು ನಿಂತು, "ಆರೋಗ್ಯವೇ?" ಎಂದು ಕೇಳಿದರು. "ಆರೋಗ್ಯ" ಎಂದರು ಅಪ್ಪ. ಹನ್ನೊಂದು ವರ್ಷಗಳಲ್ಲಿ ಆಡಿದ ಮಾತು ಇಷ್ಟೇ. ಹೋದ ವರ್ಷದ ಲಾಕ್‌ಡೌನ್ ಮುಗಿದ ಮೇಲೂ ನಾವು ಅಪ್ಪನನ್ನು ಬಹಳ ದಿನ ಹೊರಗೆ ಬಿಟ್ಟಿರಲಿಲ್ಲ. ಈ ಫೆಬ್ರವರಿಯಲ್ಲಿ ಮತ್ತೆ ಹೋದಾಗ, ಟೋಪಿಯಿಂದ ಅವರನ್ನು ಅಪ್ಪ ಗುರುತಿಸಿದರಂತೆ, ನಡಿಗೆಯಿಂದ ಅಪ್ಪನನ್ನು ಅವರು. ಏಪ್ರಿಲ್‌ನಲ್ಲಿ ಗೇಟು ಮುಚ್ಚಿತು.

ಮಗ ಒಳ್ಳೆಯ ಮನಸ್ಸಿನಿಂದಲೇ ಆ ಮೂಲೆಯನ್ನು ದೊಡ್ಡದು ಮಾಡಿದ. ಟೋಪಿ ದೊಡ್ಡದಾಯಿತು. ಅದರ ಕೆಳಗೆ ಮಾಸ್ಕು. ನಡುವೆ ಕಣ್ಣಿರಬೇಕಾದ ಕಡೆ ನಾಲ್ಕಾರು ಕಂದು ಚೌಕಗಳು.

ಅಂದಿನಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ. ಈ ತಿಂಗಳಿನಲ್ಲಿ ನನ್ನ ಮೊಬೈಲಿಗೆ ಬಂದ ಸಾವಿನ ಸುದ್ದಿಗಳನ್ನು ಎಣಿಸುವುದನ್ನು ಬಿಟ್ಟಿದ್ದೇನೆ. ಸಹೋದ್ಯೋಗಿಯ ತಂದೆ, ಕಾಲೇಜಿನ ಗೆಳತಿಯ ಗಂಡ, ಅಮ್ಮನ ಭಜನಾ ಮಂಡಳಿಯಲ್ಲಿ ಇಬ್ಬರು. ಇವರೆಲ್ಲರ ಸುದ್ದಿ ನಮಗೆ ಮುಟ್ಟುತ್ತದೆ, ಏಕೆಂದರೆ ಅವರ ಹೆಸರು ನಮ್ಮ ಹತ್ತಿರ ಇದೆ. ಹೆಸರಿಲ್ಲದೆ ನಮ್ಮವರಾದವರ ಸುದ್ದಿಯನ್ನು ಯಾರು ತಂದು ಮುಟ್ಟಿಸುತ್ತಾರೆ? ಎರಡನೆಯ ಸೀಟಿನಲ್ಲಿ ದಿನವೂ ಜಾಗ ಬಿಡುತ್ತಿದ್ದ ಬಸ್ಸಿನ ಹೆಂಗಸು, ಗಾಂಧಿ ಬಜಾರಿನಲ್ಲಿ ನನ್ನ ಮುಖ ಕಂಡರೆ ಕೇಳದೆಯೇ ಎರಡು ಮೊಳ ಮಲ್ಲಿಗೆ ಅಳೆಯುತ್ತಿದ್ದ ಅಜ್ಜಿ. ಈ ಊರಿನಲ್ಲಿ ನನ್ನ ದಿನ ತುಂಬಿದ್ದೇ ಇಂಥವರಿಂದ. ಅವರ ಮನೆಯ ಬಾಗಿಲಿಗೆ ಹೋಗಿ ಕೇಳುವ ಹಕ್ಕು ನನಗಿಲ್ಲ, ಬಾಗಿಲು ಎಲ್ಲಿದೆ ಎಂಬುದೂ ತಿಳಿದಿಲ್ಲ. ದಿನವೂ ಸಂಜೆ ಟಿ.ವಿ.ಯಲ್ಲಿ ಬರುವ ಸಂಖ್ಯೆಯೊಳಗೆ ಅವರು ಇದ್ದಾರೋ ಇಲ್ಲವೋ ಎಂದು ನೋಡುವುದು ಹೇಗೆ?

ಶುಕ್ರವಾರ ಬೆಳಿಗ್ಗೆ ತರಕಾರಿಗೆಂದು ಹೋದವಳು ಎರಡು ಬೀದಿ ಸುತ್ತಿ, ವೆಸ್ಟ್ ಗೇಟಿನ ಕಡೆ ಸೊಪ್ಪು ಮಾರುತ್ತಿದ್ದ ಹೆಂಗಸನ್ನು ಹುಡುಕಿದೆ. ಈಗ ತಳ್ಳುಗಾಡಿಯಲ್ಲಿ ಬರುತ್ತಾಳೆ. ಅಪ್ಪ ಅವಳ ಹತ್ತಿರವೇ ದಂಟಿನ ಸೊಪ್ಪು ಕೊಳ್ಳುತ್ತಿದ್ದದ್ದು. ಬಿಳಿ ಟೋಪಿಯ ವಿಷಯ ಕೇಳಿದೆ.

"ಟೋಪಿ ಹಾಕಿಕೊಳ್ಳುವ ತಾತಂದಿರು ಬಹಳ ಜನ ಅಕ್ಕ. ಕೋಲು ಹಿಡಿದವರು ಕೂಡ. ನಿಮ್ಮ ಅಪ್ಪ ಹುಷಾರಾಗಿದ್ದಾರಾ? ನಾನು ಕೇಳುವುದಾದರೂ ಯಾರನ್ನು ಅಂತ ಇದ್ದೆ."

ನನಗೆ ಗಂಟಲು ಕಟ್ಟಿತು. ಒಂದು ಕಟ್ಟಿಗೆ ಹಣ ಕೊಟ್ಟರೆ ಎರಡು ಕಟ್ಟು ಚೀಲಕ್ಕೆ ಹಾಕಿದಳು. ಒಂದು ನಿಮ್ಮ ಅಪ್ಪನಿಗೆ ಎಂದಳು.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಸೊಪ್ಪಿನ ಕಟ್ಟನ್ನು ಕೈಯಲ್ಲಿ ಹಿಡಿದು ನೋಡಿದರು, ಅಮ್ಮನಿಗೆ ಕೊಟ್ಟರು. "ಗೇಟು ತೆಗೆಯಲಿ" ಎಂದರು.

ಇವತ್ತು ಬೆಳಿಗ್ಗೆ ಮಗ ಆ ಮೂಲೆಯನ್ನಷ್ಟೇ ಕತ್ತರಿಸಿ ದೊಡ್ಡದಾಗಿ ಹಾಕಿದ್ದ. ಅಪ್ಪ ಬೇಡವೆಂದರು. "ಮೊದಲಿದ್ದ ಹಾಗೇ ಹಾಕು. ಅವರು ದೂರದಿಂದ ಬರಲಿ." ಫೆಬ್ರವರಿಯ ಚಿತ್ರ ಮೇ ತಿಂಗಳಿನಲ್ಲಿ ಹಾಗೆಯೇ ಉಳಿಯಿತು, ಗಾಜಿನ ಮನೆ ದಾಟಿ ಮೂರನೆಯ ನಿಮಿಷಕ್ಕೆ. ಅದು ಬರುವ ಹೊತ್ತಿಗೆ ಅಪ್ಪ ಹಿತ್ತಿಲ ಬಾಗಿಲಿನ ಹತ್ತಿರ ತಿರುಗುತ್ತಿದ್ದರು. 33 ಅಡಿ ನಡೆದು ಟಿ.ವಿ.ಯ ಮುಂದೆ ಬಂದರು, ಎರಡೂ ಕೈ ಜೋಡಿಸಿದರು, ಕಿಟಕಿಯ ಕಟ್ಟೆಯಲ್ಲಿ ಒಂದು ಬೀಜ ದಾಟಿಸಿದರು, ಬಂಡೆಯ ಕಡೆ ಹೊರಟರು.