ಮುಟ್ಟಿನ ಬಟ್ಟೆ ಹೊಲಿಯುವ ಕೆಲಸ: ಎಲ್ಲಿಗೆ ಬಂತು

ಮೇ

ಈ ಬೇಸಿಗೆಯಲ್ಲಿ ಹೊಸ ಹೊಲಿಗೆ ಕೆಲಸ ಹಿಡಿದಿದ್ದೇನೆ. ನನ್ನ ಮುಟ್ಟಿನ ದಿನಗಳಿಗೆ ಬೇಕಾದ ಬಟ್ಟೆ ಪ್ಯಾಡು, ಜೊತೆಗೆ ಹೊಟ್ಟೆಗೆ ಕಾವು ಕೊಡುವ ಒಂದು ಚೀಲ. ಷರತ್ತು ಒಂದೇ. ಹೊಲಿಯುವುದು, ಒಗೆಯುವುದು, ಒಣಗಿಸುವುದು ಎಲ್ಲವೂ ನನ್ನ ಈ ಕೈಯಿಂದ ಆಗಬೇಕು.

ಎಂಥ ಕೈ ಅಂತ ಮೊದಲು ಹೇಳಬೇಕು. ನನಗೆ ಎಲರ್ಸ್-ಡಾನ್ಲೋಸ್ ಸಿಂಡ್ರೋಮ್ ಇದೆ, ಅದರಲ್ಲಿ ಹೈಪರ್‌ಮೊಬೈಲ್ ಬಗೆ, ಅಂದರೆ ಕೀಲುಗಳು ಅತಿಯಾಗಿ ಬಾಗುವ ಬಗೆ. ಮುಂದೆ ಇಡಿಎಸ್ ಅಂತಷ್ಟೇ ಬರೆಯುತ್ತೇನೆ. ಚರ್ಮ, ಕೀಲು, ರಕ್ತನಾಳ ಎಲ್ಲವನ್ನೂ ಹಿಡಿದಿಡುವ ಅಂಗಾಂಶದಲ್ಲೇ ಇರುವ ತೊಂದರೆ ಇದು. 2017ರ ಅಂತರರಾಷ್ಟ್ರೀಯ ವಿಂಗಡಣೆಯಲ್ಲಿ ಇಡಿಎಸ್‌ಗೆ 13 ಬಗೆಗಳಿವೆ. ಉಳಿದ ಬಗೆಗಳಿಗೆ ಕಾರಣವಾದ ಜೀನ್ ಸಿಕ್ಕಿದೆ, ನನ್ನ ಬಗೆಗೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ, ಮೈ ನೋಡಿಯೇ ಹೇಳಬೇಕು. ಹೆಬ್ಬೆರಳು ಮುಂಗೈಗೆ ತಾಗುತ್ತಾ, ಕಿರುಬೆರಳು ಹಿಂದಕ್ಕೆ ಎಷ್ಟು ಬಾಗುತ್ತದೆ, ಮೊಣಕೈ ಮೊಣಕಾಲು ನೆಟ್ಟಗಾದ ಮೇಲೂ ಹಿಂದಕ್ಕೆ ಹೋಗುತ್ತವಾ, ಬಗ್ಗಿದರೆ ಅಂಗೈ ಪೂರ್ತಿ ನೆಲಕ್ಕೆ ಊರುತ್ತದಾ ಎಂದು ನೋಡುತ್ತಾರೆ. ಇದು ಬೈಟನ್ ಪರೀಕ್ಷೆ, ಒಟ್ಟು 9 ಅಂಕ. ದೊಡ್ಡವರಿಗೆ 5 ಬಂದರೆ ಕೀಲು ಸಡಿಲ ಅಂತ ಲೆಕ್ಕ. ಇದರ ಜೊತೆಗೆ ಚರ್ಮ, ಮನೆಯವರ ಆರೋಗ್ಯ, ನೋವು ಇವನ್ನೆಲ್ಲ ಸೇರಿಸಿ ನೋಡುತ್ತಾರೆ.

ಕೀಲಿನ ವಿಷಯ ಬಹಳ ಜನಕ್ಕೆ ಅರ್ಥವಾಗುತ್ತದೆ. ಮುಟ್ಟಿನ ವಿಷಯ ಅರ್ಥ ಮಾಡಿಸುವುದೇ ಕಷ್ಟ. ರಕ್ತನಾಳದ ಗೋಡೆ, ಅದರ ಸುತ್ತಲಿನ ಅಂಗಾಂಶ ಎರಡೂ ದುರ್ಬಲವಾಗಿದ್ದರೆ ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತದೆ. ಮುಟ್ಟಿನಲ್ಲಿ ರಕ್ತವೂ ಜಾಸ್ತಿ ಹೋಗಬಹುದು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿದರೆ ಸಾಮಾನ್ಯವಾಗಿ ಎಲ್ಲ ಸರಿ ಅಂತಲೇ ಬರುತ್ತದೆ. ಸರಿ ಇದೆ ಅಂತ ಬಂದ ಕಾಗದ ಹಿಡಿದುಕೊಂಡು ನೋವಿನಲ್ಲಿ ಮನೆಗೆ ಬರುವುದು ಎಷ್ಟು ಸಂಕಟ ಅಂತ ಬಂದವರಿಗೇ ಗೊತ್ತು.

ಸದ್ಯಕ್ಕೆ ಬಟ್ಟೆ ತಂದಾಗಿದೆ. ಮೈಗೆ ತಾಗುವ ಮೇಲ್ಪದರಕ್ಕೆ ಹತ್ತಿಯ ಫ್ಲಾನೆಲ್. ಹೀರುವ ಪದರಕ್ಕೆ ಹತ್ತಿ ಟರ್ಕಿ ಟವೆಲ್. ಕೆಳಗೆ ಸೋರದಿರಲು ಪಿಯುಎಲ್ ಅನ್ನುವ ತೆಳುವಾದ ಬಟ್ಟೆ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮುಂಚೆ ಮೂರ್ನಾಲ್ಕು ಸಲ ಒಗೆಯಬೇಕು. ಹೊಸ ಬಟ್ಟೆಯ ಗಂಜಿ ಹೋಗದೆ ಅದು ಹೀರುವುದಿಲ್ಲ, ಮತ್ತೆ ಹೊಲಿದ ಮೇಲೆ ಮುದುರಿಕೊಳ್ಳುತ್ತದೆ.

ಕತ್ತರಿ ನನಗೆ ದೊಡ್ಡ ತಡೆ. ದಪ್ಪ ಬಟ್ಟೆ ಕತ್ತರಿಸುವಾಗ ಹೆಬ್ಬೆರಳಿನ ಬುಡ ಜಾರುತ್ತದೆ. ನಮ್ಮ ಬೀದಿಯ ಟೈಲರ್ ಅಕ್ಕ ರಟ್ಟಿನ ಅಚ್ಚು ಇಟ್ಟು ಅಷ್ಟನ್ನೂ ಒಂದೇ ಸಲಕ್ಕೆ ಕತ್ತರಿಸಿಕೊಟ್ಟರು. ಗುಂಡುಪಿನ್ ಬದಲು ಪ್ಲಾಸ್ಟಿಕ್ ಕ್ಲಿಪ್ ಹಾಕುತ್ತೇನೆ. ಕಾಲಲ್ಲಿ ತುಳಿಯುವ ಮಷೀನ್ ನನ್ನ ಮೊಣಕಾಲಿಗೆ ಆಗುವುದಿಲ್ಲ. ಅಮ್ಮನ ಹಳೇ ಮಷೀನಿಗೆ ಮೋಟಾರು ಕೂರಿಸಿದ ಮೇಲೆ ಕೆಲಸ ಶುರುವಾಯಿತು.

ಹೊಲಿಯುವ ದಿನಗಳನ್ನೂ ನೋಡಿಕೊಂಡು ಆರಿಸಿದ್ದೇನೆ. ಮುಟ್ಟಿಗೆ ಮುಂಚಿನ ವಾರದಲ್ಲಿ ನನ್ನ ಕೀಲುಗಳು ಇನ್ನೂ ಸಡಿಲ. ಸೊಂಟ, ಮಣಿಕಟ್ಟು, ಹೆಬ್ಬೆರಳು ಯಾವುದೂ ಜಾಗದಲ್ಲಿ ನಿಲ್ಲುವುದಿಲ್ಲ. ಇಡಿಎಸ್ ಇರುವ ಬಹಳಷ್ಟು ಹೆಂಗಸರು ಇದೇ ಮಾತು ಹೇಳುತ್ತಾರೆ. ಆ ವಾರ ಮಷೀನ್ ಮುಚ್ಚಿಡುತ್ತೇನೆ.

ಜುಲೈ

ಮಲೆನಾಡಿನ ನಮ್ಮ ಸಾಗರ ಊರಿನ ಮಳೆ ಗೊತ್ತಲ್ವಾ. ದಪ್ಪ ಪ್ಯಾಡು ಒಗೆದು ಹಾಕಿದರೆ ಒಣಗುವ ಹೊತ್ತಿಗೆ ಮುಗ್ಗಲು ವಾಸನೆ. ಅದಕ್ಕಿಂತ ದೊಡ್ಡ ತೊಂದರೆ ಹಿಂಡುವುದು. ಐದಾರು ಪದರ ಸೇರಿಸಿ ಹೊಲಿದ ಬಟ್ಟೆಯನ್ನು ಹಿಂಡಿದರೆ ಮಣಿಕಟ್ಟು ರಾತ್ರಿಯೆಲ್ಲ ನೋಯುತ್ತದೆ.

ಹಾಗಾಗಿ ವಿನ್ಯಾಸ ಬದಲಾಯಿತು. ಈಗ ಪ್ಯಾಡು ಎರಡು ಭಾಗ. ಕೆಳಗಡೆ ತೆಳುವಾದ ಬುಡ, ಅದಕ್ಕೆ ಎರಡೂ ಬದಿಗೆ ರೆಕ್ಕೆ. ಅದರ ಮೇಲೆ ಬಿಡಿ ಬಟ್ಟೆ, ಮಡಚಿ ಇಡುವುದು. ಬುಡದ ಎರಡು ತುದಿಗೂ ಅಡ್ಡ ಪಟ್ಟಿ ಇದೆ, ಮಡಚಿದ ಬಟ್ಟೆ ಅದರೊಳಗೆ ನುಸುಳಿ ಕೂರುತ್ತದೆ. ಒಗೆಯುವಾಗ ಬಿಡಿಸಿದರೆ ಒಂದೇ ಪದರದ ಬಟ್ಟೆ. ನೀರು ತಾನಾಗಿ ಇಳಿಯುತ್ತದೆ. ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಮುಂಗೈಯಿಂದ ಒತ್ತಿದರೆ ಸಾಕು, ಹಿಂಡುವ ಕೆಲಸವೇ ಇಲ್ಲ. ಫ್ಯಾನಿನ ಕೆಳಗೂ ಒಣಗುತ್ತದೆ. ಬಿಸಿಲು ಬಿದ್ದ ದಿನ ಅಂಗಳದಲ್ಲೇ ಹರವುತ್ತೇನೆ, ಟವೆಲಿನ ಕೆಳಗೆ ಮುಚ್ಚಿಡುವುದಿಲ್ಲ. ನಮ್ಮ ಅಜ್ಜಿಯ ಕಾಲದವರು ಹಳೇ ಸೀರೆಯ ಬಟ್ಟೆ ಮಡಚಿ ಕಟ್ಟಿಕೊಳ್ಳುತ್ತಿದ್ದರು. ಮಡಚುವ ಆ ಉಪಾಯ ನಿಜಕ್ಕೂ ಒಳ್ಳೆಯದು. ಬಿಸಿಲು ಕಾಣದ ಮೂಲೆಯಲ್ಲಿ ಬಚ್ಚಿಟ್ಟು ಒಣಗಿಸಬೇಕಾಗಿತ್ತಲ್ಲ, ಅದು ಅವರಿಗಾದ ಅನ್ಯಾಯ.

ಒಗೆಯುವ ನೀರು ತಣ್ಣಗಿರಬೇಕು, ಬಿಸಿ ನೀರು ಹಾಕಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡಿಷನರ್ ಬೇಡ, ಹೀರುವ ಗುಣ ಹೋಗುತ್ತದೆ.

ರಾತ್ರಿಯ ಪ್ಯಾಡಿನ ಉದ್ದ 36 ಸೆಂಟಿಮೀಟರಿಗೆ ನಿಂತಿದೆ. ಹಿಂಭಾಗ ಅಗಲ. ರೆಕ್ಕೆಗೆ ಟಿಚ್ ಬಟನ್ ಹಾಕಿದ್ದೆ, ಆದರೆ ಅದನ್ನು ಒತ್ತಿ ಕೂರಿಸಲು ಬೆರಳ ತುದಿಗೆ ಬಲ ಬೇಕು. ಈಗ ವೆಲ್ಕ್ರೋ, ಒರಟು ಬದಿ ಚರ್ಮಕ್ಕೆ ತಾಗದ ಹಾಗೆ ಹೊರಮುಖ ಮಾಡಿ. ನನ್ನ ಚರ್ಮ ಬೇಗ ಕೀಳುತ್ತದೆ. ಅಂಗಡಿ ಪ್ಯಾಡಿನ ಅಂಟು ತೊಡೆಗೆ ತಾಗಿದರೂ ಗಾಯ.

ಮುಟ್ಟಿನ ಕಪ್, ಅಂದರೆ ರಕ್ತ ಹಿಡಿಯಲು ಒಳಗೆ ಇಟ್ಟುಕೊಳ್ಳುವ ಮೆತ್ತನೆಯ ಬಟ್ಟಲು, ಯಾಕೆ ಬಳಸಬಾರದು ಅಂತ ತುಂಬ ಜನ ಕೇಳುತ್ತಾರೆ. ಕಪ್ ಒಳ್ಳೆಯ ವಸ್ತು. ಹುಡುಗಿಯರಿಗೆ ಪ್ಯಾಡು ಹಂಚುವ ಶುಚಿ ಯೋಜನೆಯಲ್ಲಿ ರಾಜ್ಯ ಸರ್ಕಾರವೇ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ಹುಡುಗಿಯರಿಗೆ ಪ್ರಾಯೋಗಿಕವಾಗಿ ಕಪ್ ಕೊಟ್ಟಿದೆ, ಅದು ನನಗೆ ಖುಷಿಯ ವಿಷಯ. ಆದರೆ ಕಪ್ ಮಡಚಿ ಹಿಡಿಯುವುದು ನನ್ನ ಹೆಬ್ಬೆರಳಿಗೆ ಆಗದು. ಇಡಿಎಸ್‌ನಲ್ಲಿ ಗರ್ಭಕೋಶವನ್ನು ಎತ್ತಿ ಹಿಡಿಯುವ ಅಂಗಾಂಶವೂ ಸಡಿಲ ಇರಬಹುದು. ಒಳಗೆ ಹೀರಿ ಹಿಡಿದ ಕಪ್ಪನ್ನು ಗಾಳಿ ಬಿಡಿಸದೆ ಎಳೆದರೆ ಗರ್ಭಕೋಶ ಇನ್ನೂ ಕೆಳಗೆ ಜಾರುವ ಭಯ. ಫಿಸಿಯೋಥೆರಪಿಸ್ಟ್ ಬೇಡ ಅಂದರು, ನಾನು ಒಪ್ಪಿದೆ.

ಆಗಸ್ಟ್

ಈ ತಿಂಗಳು ಹೊಲಿಗೆಗಿಂತ ತಕ್ಕಡಿಯ ಕೆಲಸ ಜಾಸ್ತಿ.

ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅತಿಸ್ರಾವ ಅಂತ ಹಳೆಯ ಲೆಕ್ಕ. ಈಗಿನ ವೈದ್ಯರು ಬದುಕಿಗೆ ಅಡ್ಡಿಯಾಗುವಷ್ಟು ಹೋದರೂ ಅತಿಸ್ರಾವವೇ ಅನ್ನುತ್ತಾರೆ, ನನಗೆ ಇದೇ ಸರಿ ಅನ್ನಿಸುತ್ತದೆ. ಆದರೂ ಡಾಕ್ಟರ್ ಮುಂದೆ ಕೂತಾಗ ಅಂಕಿಗೆ ಇರುವ ಬೆಲೆ ನನ್ನ ಮಾತಿಗೆ ಇರುವುದಿಲ್ಲ. ಪ್ಯಾಡಿನ ಚಿತ್ರಕ್ಕೆ ಹೋಲಿಸಿ ರಕ್ತ ಎಷ್ಟು ಹೋಯಿತು ಅಂತ ಅಂದಾಜು ಮಾಡುವ ಒಂದು ಪಟ್ಟಿ 1990ರಲ್ಲಿ ಬಂದಿದೆ. ಪ್ಯಾಡು ಸ್ವಲ್ಪ ಒದ್ದೆಯಾದರೆ 1 ಅಂಕ, ಅರ್ಧಂಬರ್ಧ ಆದರೆ 5, ಪೂರ್ತಿ ತೊಯ್ದರೆ 20. ರಕ್ತದ ಸಣ್ಣ ಹೆಪ್ಪಿಗೆ 1, ದೊಡ್ಡದಕ್ಕೆ 5. ಒಟ್ಟು 100 ದಾಟಿದರೆ 80 ಮಿಲಿಲೀಟರ್ ದಾಟಿರಬಹುದು ಅಂತ ಅರ್ಥ. ಆದರೆ ಇದು ಅಂಗಡಿ ಪ್ಯಾಡು ನೋಡಿ ಮಾಡಿದ ಪಟ್ಟಿ. ನನ್ನ ಮಡಚುವ ಬಟ್ಟೆಗೆ ಕೂರುವುದಿಲ್ಲ.

ಬಟ್ಟೆಗೆ ಒಂದು ಅನುಕೂಲ ಇದೆ, ತೂಗಬಹುದು. ಪ್ರತಿ ಬಟ್ಟೆಯ ಮೂಲೆಯಲ್ಲಿ ಅದರ ಒಣ ತೂಕವನ್ನು ಕಸೂತಿ ದಾರದಲ್ಲಿ ಹಾಕಿದೆ. ಬದಲಾಯಿಸಿದ ಕೂಡಲೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತೂಗುವುದು, ಕವರು ಮತ್ತು ಒಣ ಬಟ್ಟೆಯ ತೂಕ ಕಳೆಯುವುದು. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಮುಟ್ಟಿನಲ್ಲಿ ಹೋಗುವುದೆಲ್ಲ ರಕ್ತವಲ್ಲ, ಬೇರೆ ದ್ರವವೂ ಸೇರಿರುತ್ತದೆ. ಆದ್ದರಿಂದ ಬಂದ ಅಂಕಿಯ ಪಕ್ಕ "ಒಟ್ಟು ದ್ರವ" ಅಂತಲೇ ಬರೆಯುತ್ತೇನೆ.

ತಕ್ಕಡಿ ವಿಷಯಕ್ಕೆ ಅಮ್ಮ ಮೊದಲು ಮುಖ ಸಿಂಡರಿಸಿದರು. ಆಮೇಲೆ ಅವರೇ, "ಅಡುಗೆಮನೆದು ಮುಟ್ಬೇಡ ಕಣೇ, ನಿಂಗೆ ಬೇರೆದೇ ತರಿಸ್ಕೊಡ್ತೀನಿ" ಅಂದರು. ತರಿಸಿಯೂ ಕೊಟ್ಟರು. ಇಷ್ಟು ವರ್ಷ "ಎಲ್ಲರಿಗೂ ಆಗೋದೇ" ಅನ್ನುತ್ತಿದ್ದ ಅಮ್ಮ ಈಗ ನನ್ನ ನೋಟ್‌ಬುಕ್ ತಾವೇ ಓದುತ್ತಾರೆ. ಅವರ ಹೆಬ್ಬೆರಳೂ ಮುಂಗೈಗೆ ತಾಗುತ್ತದೆ. ತಮಗೂ ಹೀಗೇ ಹೋಗುತ್ತಿತ್ತು, ಹೇಳಿಕೊಳ್ಳಲು ಯಾರೂ ಇರಲಿಲ್ಲ ಅಂತ ಒಂದು ಸಂಜೆ ಹೇಳಿದರು.

ತೂಗಿದ್ದರಿಂದ ಒಂದು ಸಂಗತಿ ಹೊರಬಿತ್ತು. ಎರಡನೇ ದಿನದ ಸಂಜೆಯಿಂದ ಮೂರನೇ ದಿನದ ಬೆಳಗಿನವರೆಗೆ ಹೋಗುವುದೇ ಬಹುಪಾಲು. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದೂ ಸರಿಯಾಗಿ ಆಗಲೇ. ನನಗೆ ಪಾಟ್ಸ್ ಕೂಡ ಇದೆ. ಎದ್ದು ನಿಂತ 10 ನಿಮಿಷದೊಳಗೆ ನಾಡಿ ಬಡಿತ ಮೊದಲಿಗಿಂತ ನಿಮಿಷಕ್ಕೆ 30 ಅಥವಾ ಇನ್ನೂ ಜಾಸ್ತಿ ಏರುವ ತೊಂದರೆ ಅದು, ಇಡಿಎಸ್ ಇರುವವರಲ್ಲಿ ಬಹಳ ಕಾಣುತ್ತದೆ. ರಕ್ತ ಹೋದಾಗ ಅದು ಕೆರಳುತ್ತದೆ. ಈಗ ಎರಡನೇ ದಿನ ಮಧ್ಯಾಹ್ನದಿಂದಲೇ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ನೀರು, ಕಾಲಿಗೆ ಬಿಗಿ ಸಾಕ್ಸ್. ಸ್ನಾನಕ್ಕೆ ಸ್ಟೂಲು.

ಸೆಪ್ಟೆಂಬರ್

ನೋಟ್‌ಬುಕ್ ಹಿಡಿದುಕೊಂಡು ಹೊಸ ಲೇಡಿ ಡಾಕ್ಟರ ಹತ್ತಿರ ಹೋದೆ. ಹಿಂದೆ ನೋಡಿದ ಒಬ್ಬರು "ಮದುವೆಯಾದರೆ ಎಲ್ಲ ಸರಿಹೋಗುತ್ತೆ" ಅಂದಿದ್ದರು. ಇವರು ಪುಟ ತಿರುವಿ ತಿರುವಿ ನೋಡಿದರು.

"ಇದನ್ನ ಯಾರು ಹೇಳಿಕೊಟ್ರಮ್ಮಾ?"

"ನಾನೇ ಮಾಡಿದ್ದು ಮೇಡಂ. ಬಟ್ಟೆಯೂ ನಾನೇ ಹೊಲಿದದ್ದು."

"ಸರಿ. ಇದನ್ನ ಇಡಿಎಸ್ ಅಂತ ಹೇಳಿ ಬಿಟ್ಟುಬಿಡೋದು ಬೇಡ. ಬೇರೆ ಏನಾದ್ರೂ ಇದೆಯಾ ಅಂತಾನೂ ನೋಡೋಣ."

ಆ ಮಾತಿಗೆ ನನಗೆ ಅಳು ಬಂತು. ಗರ್ಭಕೋಶದಲ್ಲಿ ಗಡ್ಡೆ ಇದೆಯಾ, ಅದರ ಒಳಪದರ ಗೋಡೆಯೊಳಗೇ ಬೆಳೆಯುವ ಅಡಿನೋಮಯೋಸಿಸ್ ಇದೆಯಾ ಅಂತ ಸ್ಕ್ಯಾನಿಂಗ್ ಆಯಿತು. ಥೈರಾಯ್ಡ್ ನೋಡಿದರು. ವಾನ್ ವಿಲ್ಲೆಬ್ರಾಂಡ್ ಅನ್ನುವ ರಕ್ತಸ್ರಾವದ ಕಾಯಿಲೆಯ ಪರೀಕ್ಷೆಯೂ ಆಯಿತು. ಇಡಿಎಸ್ ಇದ್ದವರಿಗೆ ಅದೂ ಇರಬಾರದು ಅಂತೇನಿಲ್ಲವಲ್ಲ. ನನಗೆ ಇವ್ಯಾವುವೂ ಇಲ್ಲ. ಹಿಮೋಗ್ಲೋಬಿನ್ 12ಕ್ಕಿಂತ ಸ್ವಲ್ಪ ಮೇಲೇ ಇತ್ತು, ಆದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ತಳ ಕಂಡಿತ್ತು. ಹಿಮೋಗ್ಲೋಬಿನ್ ಮಾತ್ರ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ, ನಿಂಬೆ ಪಾನಕದ ಜೊತೆ. ಕಾಫಿ ಅದರ ಹತ್ತಿರ ಬರಬಾರದು.

ರಕ್ತ ಹೋಗುವುದನ್ನು ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರು, ರಕ್ತ ಹೋಗುವ ದಿನಗಳಿಗೆ ಮಾತ್ರ. ಮನೆಯಲ್ಲಿ ಯಾರಿಗಾದರೂ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಿದೆಯಾ ಅಂತ ಕೇಳಿಯೇ ಕೊಟ್ಟರು. ನೋವಿಗೆ ಮೆಫೆನಾಮಿಕ್ ಆಸಿಡ್. ಗರ್ಭಕೋಶ ಹಿಂಡುವಂತೆ ಮಾಡುವ ಪ್ರೊಸ್ಟಾಗ್ಲಾಂಡಿನ್‌ಗಳನ್ನು ಅದು ತಡೆಯುತ್ತದೆ, ಹಾಗಾಗಿ ನೋವು ಏರುವ ಮೊದಲೇ ನುಂಗಬೇಕು, ಊಟ ಆದ ಮೇಲೆ. ಈ ಮಾತ್ರೆಯಿಂದ ಕೆಲವರಿಗೆ ಡ್ರೆಸ್ ಅನ್ನುವ ಗಂಭೀರ ಅಲರ್ಜಿ ಆಗಬಹುದು ಅಂತ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅಂಗಡಿಯಿಂದ ಸುಮ್ನೆ ತಂದು ನುಂಗುವವರು ಇದನ್ನು ತಿಳಿದಿರಲಿ. ಜ್ವರ, ಮೈಮೇಲೆ ದದ್ದು ಕಂಡರೆ ತಡಮಾಡಬಾರದು.

ರಕ್ತ ಹೋಗುವುದನ್ನು ತಗ್ಗಿಸಲು ಗರ್ಭಕೋಶದೊಳಗೆ ಕೂರಿಸುವ, ಹಾರ್ಮೋನ್ ಇರುವ ಐಯುಡಿ ಅನ್ನುವ ಸಾಧನದ ಬಗ್ಗೆಯೂ, ಅದನ್ನು ಕೂರಿಸುವಾಗಿನ ನೋವಿನ ಬಗ್ಗೆಯೂ ಮಾತಾಯಿತು. ಇಡಿಎಸ್ ಇರುವ ಕೆಲವರಿಗೆ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ. ಹಲ್ಲು ಕೀಳಿಸುವಾಗ ನನಗೆ ಹಾಗೇ ಆಗಿತ್ತು. ಅದನ್ನು ಅವರು ಫೈಲಿನಲ್ಲಿ ಬರೆದುಕೊಂಡರು. ನಾನು ಇನ್ನೂ ತೀರ್ಮಾನ ಮಾಡಿಲ್ಲ.

ಅಕ್ಟೋಬರ್

ಕಾವಿನ ಚೀಲ ಮುಗಿಯಿತು. ಕಾವಲಿ ಮೇಲೆ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುವುದು ನಮ್ಮ ಮನೆಯ ಪದ್ಧತಿ. ಅದು ಒಂದೇ ಕಡೆ ಸುಡುತ್ತದೆ, ಭಾರವೂ ಜಾಸ್ತಿ. ನಾನು ಹುರುಳಿ ತುಂಬಿದೆ. ಚೀಲವನ್ನು ಉದ್ದುದ್ದ ಐದು ಕೋಣೆ ಮಾಡಿ ಹೊಲಿದದ್ದರಿಂದ ಕಾಳು ಒಂದೇ ಕಡೆ ಜಾರುವುದಿಲ್ಲ, ಸೊಂಟದ ಸುತ್ತ ಬಾಗುತ್ತದೆ. ಮೈಕ್ರೋವೇವ್‌ನಲ್ಲಿ ಸ್ವಲ್ಪ ಸ್ವಲ್ಪವೇ ಬಿಸಿ ಮಾಡುವುದು, ಪಕ್ಕದಲ್ಲೇ ನಿಂತು. ಎರಡು ಪದರದ ಹೊರಚೀಲ ಇಲ್ಲದೆ ಮೈಗೆ ಇಡುವುದಿಲ್ಲ. ದಿನವೂ ಒಂದೇ ಕಡೆ ಕಾವು ಕೊಟ್ಟರೆ ಚರ್ಮದ ಮೇಲೆ ಬಲೆಯ ಹಾಗೆ ಕಂದು ಗುರುತು ಮೂಡಬಹುದು.

ಈ ತಿಂಗಳೇ, 2025ರ ಅಕ್ಟೋಬರಿನಲ್ಲಿ, ರಾಜ್ಯ ಸಚಿವ ಸಂಪುಟ ಕೆಲಸಕ್ಕೆ ಹೋಗುವ ಹೆಂಗಸರಿಗೆ ವರ್ಷಕ್ಕೆ 12 ದಿನ, ಅಂದರೆ ತಿಂಗಳಿಗೊಂದು ದಿನ, ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿದೆ. ನನ್ನ ನೋಟ್‌ಬುಕ್ ಪ್ರಕಾರ ಆ ಒಂದು ದಿನ ಯಾವುದಿರಬೇಕು ಅಂತ ನನಗೆ ಚೆನ್ನಾಗಿ ಗೊತ್ತು.

ನವೆಂಬರ್

ಮಾತ್ರೆ ಶುರುವಾದ ಮೇಲೆ ಒದ್ದೆ ಬಟ್ಟೆಯ ತೂಕ ಇಳಿದಿದೆ. ರಾತ್ರಿ ಎದ್ದು ಬದಲಾಯಿಸುವುದು ಕಡಿಮೆಯಾಗಿದೆ. ನೋವು ಅಷ್ಟು ಇಳಿದಿಲ್ಲ, ಸೊಂಟದ ಕೀಲು ಜಾರುವುದೂ ನಿಂತಿಲ್ಲ. ಬುಡದ ಪಿಯುಎಲ್ ಬಟ್ಟೆ ಮಡಿಕೆಯ ಜಾಗದಲ್ಲಿ ಸವೆದಿದೆ, ಅಷ್ಟನ್ನು ಬದಲಾಯಿಸಬೇಕು. ಟೈಲರ್ ಅಕ್ಕನ ಮಗಳು ಪಿಯುಸಿ. ಅವಳಿಗೂ ಜಾಸ್ತಿ ಹೋಗುತ್ತದಂತೆ. ಕೇಳಿ ಅಚ್ಚಿನ ರಟ್ಟು ತೆಗೆದುಕೊಂಡು ಹೋಗಿದ್ದಾಳೆ, ಜೊತೆಗೆ ಒಣ ತೂಕ ಬರೆಯಲು ಕೆಂಪು ಕಸೂತಿ ದಾರ ಕೊಟ್ಟಿದ್ದೇನೆ. ಮುಂದಿನ ತಿಂಗಳು ಅವಳ ಅಳತೆಗೆ ಚಿಕ್ಕ ಬುಡ ಹೊಲಿಯಬೇಕು.