17 ಗಂಟೆ ಹಾರಾಟ: ಅಪ್ಪ ಅಮ್ಮಂಗೆ ಸೀಟ್ ಆರಿಸೋವಾಗ ಬಾಗಿಲು ನೋಡ್ಬೇಡಿ, ಕಾಲಿಡೋ ಜಾಗ ನೋಡಿ

ಮಕ್ಕಳು ಅಮೆರಿಕದಲ್ಲಿರೋ ಬೆಂಗಳೂರಿನ ಮನೆಗಳಲ್ಲಿ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತೆ, ಮಗಳಿಗೋ ಸೊಸೆಗೋ ದಿನ ತುಂಬ್ತಾ ಇದೆ, ಅಪ್ಪ ಅಮ್ಮ ಬಾಣಂತನಕ್ಕೆ ಹೊರಡ್ಬೇಕು, ಇಬ್ರಿಗೂ 65 ದಾಟಿದೆ, ಅಮ್ಮಂಗೆ ಮಂಡಿನೋವು, ಅಪ್ಪಂಗೆ ರಾತ್ರಿ ಎರಡು ಮೂರು ಸಲ ಬಾತ್‌ರೂಮಿಗೆ ಏಳ್ಬೇಕು, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ ಆರಾಮಾಗಿ ಹೋಗಿ ಬರ್ಲಿ ಅಂತ ಎಲ್ರೂ ಸೇರಿ ಬಿಸಿನೆಸ್ ಕ್ಲಾಸ್ ಟಿಕೆಟ್ ಹುಡುಕೋಕೆ ಶುರು ಮಾಡ್ತಾರೆ. ನಮ್ಮನೇಲೂ ಹಾಗೇ ಆಯ್ತು. ತಂಗಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಸನ್ನಿವೇಲ್‌ನಲ್ಲಿ, ನಾನು ಅಪ್ಪ ಅಮ್ಮನ ಜೊತೆ ಜಯನಗರದಲ್ಲಿ, ಟಿಕೆಟ್ ಕೆಲಸ ನನ್ನ ಪಾಲಿಗೆ ಬಂತು. ಕೂತು ಓದಿ, ಕೇಳಿ, ಅವ್ರನ್ನ ಕಳಿಸಿ, ಹೇಗಾಯ್ತು ಅಂತ ವಿಚಾರಿಸಿ ಗೊತ್ತಾಗಿದ್ದನ್ನ ಇಲ್ಲಿ ಬರೀತಾ ಇದೀನಿ.

ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ. ಬಾಗಿಲಿರೋ ಸೂಟು (ಸೀಟಿನ ಸುತ್ತ ಮರೆ ಇರೋ ಪುಟ್ಟ ಕೋಣೆ ಥರದ್ದು), ದೊಡ್ಡ ಸ್ಕ್ರೀನು, ಶಾಂಪೇನು, ಪೈಜಾಮ, ಇವೆಲ್ಲ ಚೆನ್ನಾಗಿರುತ್ತೆ, ಬೇಡ ಅನ್ನಲ್ಲ. ಆದ್ರೆ ಅಷ್ಟು ಹೊತ್ತಿನ ಪ್ರಯಾಣದಲ್ಲಿ ವಯಸ್ಸಾದವ್ರ ಮೈಗೆ ನಿಜವಾಗ್ಲೂ ಲೆಕ್ಕಕ್ಕೆ ಬರೋದು ಮೂರೇ: ಕಾಲಿಡೋಕೆ ಎಷ್ಟು ಜಾಗ ಇದೆ, ಪಕ್ಕದವ್ರನ್ನ ದಾಟದೆ ಎದ್ದು ಹೋಗೋಕಾಗುತ್ತಾ, ಒಳಗಿನ ಗಾಳಿ ಹೇಗಿದೆ. ವೆಬ್‌ಸೈಟಿನ ಫೋಟೋದಲ್ಲಿ ಈ ಮೂರೂ ಕಾಣಲ್ಲ.

ಕಾಲಿನ ವಿಷಯ ಸ್ವಲ್ಪ ವಿವರವಾಗೇ ಹೇಳ್ತೀನಿ. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಲ್ಲಿ ಪೂರ್ತಿ ಚಪ್ಪಟೆ ಹಾಸಿಗೆ ತಂದಾಗಿಂದ ಎಲ್ರೂ "ಫುಲ್ ಫ್ಲಾಟ್" ಅಂತ ಹಾಕ್ಕೊಳ್ತಾರೆ, ಆದ್ರೆ ಹಾಸಿಗೆ ಚಪ್ಪಟೆಯಾದ ಮಾತ್ರಕ್ಕೆ ಮಂಚದ ಅಗಲ ಬರಲ್ಲ. ಈಗ ತುಂಬಾ ಕಡೆ ಇರೋ ಸ್ಟ್ಯಾಗರ್ಡ್ ಅನ್ನೋ ಜೋಡಣೆಯಲ್ಲಿ, ಅಂದ್ರೆ ಸಾಲಿಂದ ಸಾಲಿಗೆ ಸೀಟು ಸ್ವಲ್ಪ ಅತ್ತಿತ್ತ ಸರಿಸಿ ಇಟ್ಟಿರೋದ್ರಲ್ಲಿ, ನಿಮ್ಮ ಪಾದ ಹೋಗಿ ಸೇರೋದು ಮುಂದಿನ ಸೀಟಿನವ್ರ ಪಕ್ಕದ ಟೇಬಲ್ ಕೆಳಗಿರೋ ಗೂಡಿನೊಳಗೆ. ಆ ಗೂಡು ಕೆಲವು ವಿಮಾನಗಳಲ್ಲಿ ಎಷ್ಟು ಇಕ್ಕಟ್ಟು ಅಂದ್ರೆ ಅಂಗಾತ ಮಲಗಿದ್ರೆ ಎರಡು ಪಾದ ಹಿಡಿಸುತ್ತೆ, ಮಗ್ಗುಲಾಗಿ ಮಂಡಿ ಮಡಿಸಿ ಮಲಗೋಣ ಅಂದ್ರೆ ಮೊದ್ಲು ಕಾಲು ಪೂರ್ತಿ ಹೊರಗೆಳೆದು, ತಿರುಗಿ, ಮತ್ತೆ ಒಳಗೆ ತೂರಿಸ್ಬೇಕು. ಮಂಡಿ ಸವೆದಿರೋ ಅಮ್ಮಂಗೆ ರಾತ್ರಿಯೆಲ್ಲ ಇದೇ ಕೆಲಸ ಆಗೋಯ್ತು, ಯಾವ ಏರ್‌ಲೈನ್ ಅಂತ ಹೆಸರು ಬೇಡ, ಆ ಥರದ ಸೀಟು ತುಂಬಾ ಜನ ಇಟ್ಕೊಂಡಿದಾರೆ. ಮೊದಲನೇ ಸಾಲಿನಲ್ಲಿ, ಅಂದ್ರೆ ಎದುರಿಗೆ ಗೋಡೆ ಇರೋ ಬಲ್ಕ್‌ಹೆಡ್ ಸೀಟಲ್ಲಿ, ಮುಂದೆ ಇನ್ನೊಂದು ಸೀಟು ಇರಲ್ಲ, ಅದಕ್ಕೇ ಕಾಲಿಡೋ ಗೂಡು ಸಾಮಾನ್ಯವಾಗಿ ಅಗಲವಾಗಿರುತ್ತೆ. ಅದೇ ಕ್ಲಾಸು, ಎಷ್ಟೋ ಸಲ ಅದೇ ರೇಟು, ಮಲಗೋ ಸುಖ ಮಾತ್ರ ಬೇರೆ. ಒಂದೇ ತೊಂದರೆ, ಮುಂದೆನೇ ಪ್ಯಾಂಟ್ರಿನೋ ಟಾಯ್ಲೆಟ್ಟೋ ಇದ್ರೆ ಬೆಳಕು, ಸದ್ದು ಜಾಸ್ತಿ. ಅಪ್ಪಂಗೆ ಟಾಯ್ಲೆಟ್ ಹತ್ರ ಇರೋದೇ ಅನುಕೂಲ ಆಯ್ತು, ನಿದ್ದೆ ಹಗುರ ಇರೋರಿಗೆ ಆಗಲ್ಲ.

ರಿವರ್ಸ್ ಹೆರಿಂಗ್‌ಬೋನ್ ಅಂತ ಇನ್ನೊಂದು ಥರ ಇದೆ, ಸೀಟುಗಳು ಓರೆಯಾಗಿ ಕಿಟಕಿ ಕಡೆಗೆ ಮುಖ ಮಾಡಿರುತ್ವೆ, ಮಧ್ಯದ ಎರಡು ಒಂದರ ಕಡೆ ಒಂದು ಸ್ವಲ್ಪ ತಿರುಗಿರುತ್ವೆ. ನಂಗೆ ವಯಸ್ಸಾದ ದಂಪತಿಗೆ ಇದೇ ಇಷ್ಟ, ಮಧ್ಯದ ಜೋಡಿ ತಗೊಂಡ್ರೆ ಅಪ್ಪ ಅಮ್ಮ ಮಾತಾಡ್ಕೋಬಹುದು, ಮಾತ್ರೆ ತಗೊಂಡ್ಯಾ ಅಂತ ಕೇಳ್ಬಹುದು, ಆದ್ರೂ ಇಬ್ರಿಗೂ ಅವರವರ ಕಡೆ ಓಡಾಡೋ ದಾರಿ ಇರುತ್ತೆ. ಇದನ್ನ 1-2-1 ಅಂತಾರೆ, ಅಂದ್ರೆ ಕಿಟಕಿ ಪಕ್ಕ ಒಂದು ಸೀಟು, ದಾರಿ, ಮಧ್ಯ ಎರಡು, ದಾರಿ, ಮತ್ತೆ ಕಿಟಕಿ ಪಕ್ಕ ಒಂದು. ಸೀಟ್ ಮ್ಯಾಪಲ್ಲಿ 2-2-2 ಅಥವಾ 2-3-2 ಕಂಡ್ರೆ ಅದು ಹಳೇ ಜೋಡಣೆ, ಕಿಟಕಿ ಪಕ್ಕ ಇರೋರು ಮಲಗಿರೋರ ಕಾಲು ದಾಟ್ಕೊಂಡೇ ಬರ್ಬೇಕು, ಕತ್ತಲಲ್ಲಿ 70 ವರ್ಷದವ್ರು ಅದನ್ನ ಮಾಡೋದು ನಂಗೆ ಇಷ್ಟ ಇಲ್ಲ.

ಬಾಗಿಲಿನ ಬಗ್ಗೆನೂ ಒಂದ್ಮಾತು. ಕತಾರ್ ಏರ್‌ವೇಸ್ 2017ರಲ್ಲಿ ಕ್ಯೂಸೂಟ್ ಅಂತ ಬಾಗಿಲಿರೋ ಬಿಸಿನೆಸ್ ಸೀಟು ತಂದ್ಮೇಲೆ ಎಲ್ರೂ ಅದರ ಹಿಂದೆ ಬಿದ್ರು. ಬಾಗಿಲು ಚಾವಣಿವರೆಗೆ ಇರಲ್ಲ, ಟೇಕಾಫ್ ಲ್ಯಾಂಡಿಂಗ್ ಟೈಮಲ್ಲಿ ತೆಗೆದೇ ಇರ್ಬೇಕು. ಬಾಗಿಲಿನ ದಪ್ಪವೂ ಅದೇ ಜಾಗದಲ್ಲೇ ಬರ್ಬೇಕಲ್ಲ, ಕೆಲವು ಸೀಟಲ್ಲಿ ಅದು ಭುಜದ ಹತ್ರದ ಅಗಲವನ್ನೇ ತಿನ್ನುತ್ತೆ. ಅಮ್ಮ ಅಂತೂ ಬಾಗಿಲು ಹಾಕ್ಲೇ ಇಲ್ಲ, ಅಲ್ಲಿ ಓಡಾಡೋ ಹುಡುಗಿ ಕಣ್ಣಿಗೆ ಕಾಣಿಸ್ತಾ ಇದ್ರೆ ಧೈರ್ಯ ಅಂದ್ರು.

ಈಗ ಗಾಳಿ. ವಿಮಾನದೊಳಗಿನ ಒತ್ತಡ ನೆಲದ ಮೇಲಿನ ಹಾಗಿರಲ್ಲ, ಹಳೇ ಅಲ್ಯೂಮಿನಿಯಂ ಮೈಯ ವಿಮಾನಗಳಲ್ಲಿ ಅದು ಸುಮಾರು 8000 ಅಡಿ ಎತ್ತರದಲ್ಲಿದ್ದಷ್ಟಕ್ಕೆ ಹೋಗುತ್ತೆ, ಅಂದ್ರೆ ಊಟಿಗಿಂತ ಮೇಲೆ, ಅಲ್ಲಿ 17 ಗಂಟೆ ಕೂತ ಲೆಕ್ಕ. ಬೋಯಿಂಗ್ 787 ಡ್ರೀಮ್‌ಲೈನರ್, ಏರ್‌ಬಸ್ ಎ350 ಇವುಗಳ ಮೈ ಕಾರ್ಬನ್ ಕಾಂಪೋಸಿಟ್‌ದು, ಜಾಸ್ತಿ ಒತ್ತಡ ತಡ್ಕೊಳುತ್ತೆ, ತುಕ್ಕಿನ ಭಯವೂ ಕಡಿಮೆ, ಅದರಿಂದ ಒಳಗೆ ಸುಮಾರು 6000 ಅಡಿ ಮಟ್ಟಕ್ಕೆ ಇಟ್ಕೊಳೋಕಾಗುತ್ತೆ, ತೇವಾಂಶನೂ ಸ್ವಲ್ಪ ಜಾಸ್ತಿ ಬಿಡ್ಬಹುದು. 6000 ಅಂದ್ರೆ ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪ ಕೆಳಗೆ. ತಲೆನೋವು, ಗಂಟಲು ಒಣಗೋದು, ಇಳಿದ ಮೇಲಿನ ಸುಸ್ತು ಇದರಲ್ಲೆಲ್ಲ ವ್ಯತ್ಯಾಸ ಗೊತ್ತಾಗುತ್ತೆ ಅಂತ ಅಪ್ಪನೇ ಹೇಳಿದ್ರು, ಅವ್ರಿಗೆ ಯಾವ ವಿಮಾನ ಅಂತ ನಾನು ಹೇಳಿರ್ಲಿಲ್ಲ. ಹಾಗಾಗಿ ಏರ್‌ಲೈನ್ ಹೆಸರಿನ ಜೊತೆಗೆ ವಿಮಾನದ ಮಾಡೆಲ್ಲೂ ನೋಡಿ, ಬುಕ್ ಮಾಡೋ ಪೇಜಲ್ಲೇ ಬರೆದಿರುತ್ತೆ.

ಇಷ್ಟು ದೂರ ಹಾರೋ ವಿಮಾನಗಳ ಲೆಕ್ಕಾಚಾರವೇ ಬೇರೆ. ಸಿಂಗಾಪುರದಿಂದ ನ್ಯೂಯಾರ್ಕಿಗೆ ಹೋಗೋ ಸಿಂಗಾಪುರ್ ಏರ್‌ಲೈನ್ಸ್‌ನ ತುಂಬಾ ದೂರ ಹಾರೋಕೆ ಅಂತಾನೇ ಮಾಡಿರೋ ಎ350-900ಯುಎಲ್‌ಆರ್‌ನಲ್ಲಿ ಒಟ್ಟು 161 ಸೀಟು, 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ (ಎಕಾನಮಿಗೂ ಬಿಸಿನೆಸ್ಸಿಗೂ ನಡುವಿನ ಕ್ಲಾಸು), ಮಾಮೂಲಿ ಎಕಾನಮಿ ಇಲ್ಲವೇ ಇಲ್ಲ. ಇಂಧನವೇ ಅಷ್ಟು ಭಾರ ಇರೋದ್ರಿಂದ ಜನ ಕಡಿಮೆ ಮಾಡ್ತಾರೆ, ಇರೋ ಜನರಿಂದ ಜಾಸ್ತಿ ದುಡ್ಡು ತಗೋತಾರೆ. ಆಸ್ಟ್ರೇಲಿಯಾದ ಕ್ವಾಂಟಾಸ್ ಏರ್‌ಲೈನ್ ಸಿಡ್ನಿಯಿಂದ ಲಂಡನ್ನಿಗೆ ನೇರ ಹಾರೋಕೆ ಅಂತ ಮಾಡಿಸಿರೋ ಎ350-1000ದಲ್ಲೂ ಬರೀ 238 ಸೀಟು, ಮಧ್ಯದಲ್ಲಿ ಪ್ರಯಾಣಿಕರು ಎದ್ದು ನಿಂತು ಮೈಕೈ ಚಾಚೋಕೆ ಅಂತಾನೇ ಒಂದು ಜಾಗ ಬಿಟ್ಟಿದಾರೆ. ನಂಗೆ ಅವ್ರ ಈ ಯೋಚನೆ ತುಂಬಾ ಹಿಡಿಸ್ತು. ನಮ್ಮೂರಿನ ಮಟ್ಟಿಗೆ, 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ ನಾನ್‌ಸ್ಟಾಪ್ ಶುರು ಮಾಡಿದಾಗ ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತವರ ಜೊತೆಗಿದ್ದ ಹೆಣ್ಣುಮಕ್ಕಳೇ ಉತ್ತರ ಧ್ರುವದ ಮೇಲಿಂದ ಬೋಯಿಂಗ್ 777 ವಿಮಾನ ಹಾರಿಸ್ಕೊಂಡು ಬೆಂಗಳೂರಿಗೆ ಬಂದಿದ್ದು ನೆನಪಿರಬಹುದು, ಎರಡು ಊರಿನ ನಡುವಿನ ನೇರ ದೂರವೇ ಸುಮಾರು 14,000 ಕಿಲೋಮೀಟರ್. ಆವತ್ತು ಟಿವಿ ಮುಂದೆ ಅಮ್ಮನ ಕಣ್ಣು ತುಂಬಿತ್ತು.

ಬಿಸಿನೆಸ್ ಕೈಗೆಟುಕದಿದ್ರೆ ಪ್ರೀಮಿಯಂ ಎಕಾನಮಿ ಕಡೆಗಣಿಸ್ಬೇಡಿ. ಎಕಾನಮಿಯಲ್ಲಿ ಸಾಲಿಂದ ಸಾಲಿಗೆ 31-32 ಇಂಚು ಇದ್ರೆ ಇದರಲ್ಲಿ 38 ಇಂಚಿನ ಹತ್ರ ಸಿಗುತ್ತೆ, ಸೀಟೂ ಅಗಲ, ಮಂಡಿ ಎದುರಿನ ಸೀಟಿಗೆ ತಾಗಲ್ಲ. ಮಲಗೋಕಾಗಲ್ಲ ನಿಜ. ಎರಡರಲ್ಲಿ ಒಂದು ದಾರಿಗೆ ಮಾತ್ರ ಬಿಸಿನೆಸ್ ಕೊಡಿಸೋಕಾಗುತ್ತೆ ಅಂದ್ರೆ ಹೋಗೋವಾಗ್ಲೇ ಕೊಡ್ಸಿ, ಯಾಕಂದ್ರೆ ಇಳಿದ ಮಾರನೇ ದಿನದಿಂದ್ಲೇ ಅವ್ರಿಗೆ ಮಗೂಗೆ ನೀರೆರೆಯೋದು, ಬಾಣಂತಿ ಅಡುಗೆ ಎಲ್ಲ ಶುರು, ವಾಪಸ್ ಬಂದ್ಮೇಲೆ ಮನೆಯಲ್ಲಿ ವಾರ ಮಲಗಿದ್ರೂ ಕೇಳೋರಿಲ್ಲ.

ಯಾವ ಕ್ಲಾಸಾದ್ರೂ ಎದ್ದು ಓಡಾಡ್ಲೇಬೇಕು. ನಾಲ್ಕು ಗಂಟೆಗಿಂತ ಜಾಸ್ತಿ ಅಲುಗಾಡದೆ ಪ್ರಯಾಣ ಮಾಡಿದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಸುಮಾರು ಎರಡು ಪಟ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ, ಆರೋಗ್ಯವಂತರಿಗೆ ಆಗಲೂ ಅಪಾಯ ಕಮ್ಮಿನೇ, ಆದ್ರೆ ಬಿಸಿನೆಸ್ ಕ್ಲಾಸ್‌ನವ್ರಿಗೆ ವಿನಾಯಿತಿ ಏನಿಲ್ಲ. ಕಾಲನ್ನ ಬಿಗಿಯಾಗಿ ಹಿಡಿಯೋ ಕಂಪ್ರೆಷನ್ ಸಾಕ್ಸ್ ಬೇಕಾ ಅಂತ ಡಾಕ್ಟರ್ ಹತ್ರ ಕೇಳಿ. ಮಲಗೋವಾಗ ಬೆಲ್ಟನ್ನ ಹೊದಿಕೆ ಮೇಲೆ ಕಾಣೋ ಹಾಗೆ ಹಾಕ್ಕೊಳೋಕೆ ಹೇಳಿ, ಸ್ವಲ್ಪ ಕುಲುಕಿದಾಗ ಬೆಲ್ಟ್ ಇದ್ಯಾ ಅಂತ ನೋಡೋಕೆ ಎಬ್ಬಿಸಲ್ಲ.

ಟಿಕೆಟ್ ಜೊತೆ ಆರಿಸೋ ಊಟದ ಕೋಡ್ ಹುಷಾರು. ಸಸ್ಯಾಹಾರಿಗಳು "ಹಿಂದೂ ಮೀಲ್" ಅಂತ ನೋಡಿ ಎಚ್‌ಎನ್‌ಎಂಎಲ್ ಒತ್ತಿಬಿಡ್ತಾರೆ, ಅದರಲ್ಲಿ ಕೋಳಿನೋ ಕುರಿನೋ ಬರಬಹುದು, ಬೀಫ್ ಮಾತ್ರ ಇರಲ್ಲ. ನಮ್ಮ ಥರ ಮಸಾಲೆ ಇರೋ ಸಸ್ಯಾಹಾರಕ್ಕೆ ಎವಿಎಂಎಲ್, ಈರುಳ್ಳಿ ಬೆಳ್ಳುಳ್ಳಿನೂ ಬೇಡ ಅಂದ್ರೆ ಜೈನ್ ಊಟ ವಿಜೆಎಂಎಲ್. ಬಿಸಿನೆಸ್ಸಲ್ಲೂ ಇದನ್ನ ಮುಂಚೆನೇ, ಕನಿಷ್ಠ ಒಂದು ದಿನ ಮೊದ್ಲು ಹಾಕಿಡ್ಬೇಕು.

ಸೀಟ್ ನಂಬರ್ ಆರಿಸೋ ಮುಂಚೆ ಏರೋಲೋಪಾ ಅನ್ನೋ ಸೈಟಲ್ಲಿ ಆ ವಿಮಾನದ ಮ್ಯಾಪ್ ತೆಗೀರಿ, ಕಿಟಕಿ ಎಲ್ಲಿದೆ, ಗೋಡೆ ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ ಎಲ್ಲ ಅಳತೆ ಪ್ರಕಾರ ಬಿಡಿಸಿದಾರೆ. ಬುಕ್ ಆದ್ಮೇಲೂ ಆಗಾಗ ಚೆಕ್ ಮಾಡ್ತಾ ಇರಿ, ವಿಮಾನ ಬದಲಾಯಿಸಿದ್ರೆ ಸೀಟ್ ನಂಬರ್ರೂ ಸದ್ದಿಲ್ಲದೆ ಬದಲಾಗಿರುತ್ತೆ. ವೀಲ್‌ಚೇರ್ ಬೇಕಂದ್ರೆ ಅದನ್ನೂ ಬುಕಿಂಗಲ್ಲೇ ಹಾಕಿಸಿ, ಬೆಂಗಳೂರು ಏರ್‌ಪೋರ್ಟಿನ ಟರ್ಮಿನಲ್ 2ರಲ್ಲಿ ಚೆಕ್‌ಇನ್‌ನಿಂದ ಗೇಟಿನವರೆಗೆ ನಡೆಯೋದೇ ಸಾಕಷ್ಟಿದೆ, ಅಮ್ಮ ಮೊದ್ಲು ಬೇಡ ಅಂತ ಹಠ ಮಾಡಿದ್ರು, ಕೂತ್ಮೇಲೆ ಖುಷಿಯಾಗೇ ಹೋದ್ರು.