ಚಾವಣಿಯ ಸೋಲಾರ್: ಮೊದಲು ಬಿಲ್ಲು ನೋಡಿ, ಆಮೇಲೆ ಬ್ಯಾಟರಿ

ಮೈಸೂರಿನ ಚಾವಣಿಗಳಿಗೆ ಸೋಲಾರ್ ಹೊಸದಲ್ಲ. ನೀರು ಕಾಯಿಸುವ ಸೋಲಾರ್ ಇಲ್ಲದ ಬೀದಿಯನ್ನು ಇಲ್ಲಿನ ಬಡಾವಣೆಗಳಲ್ಲಿ ಹುಡುಕಬೇಕಾಗುತ್ತದೆ. ಕರೆಂಟು ಕೊಡುವ ಪ್ಯಾನೆಲ್‌ಗಳು ಅದರ ಪಕ್ಕದಲ್ಲಿ ಕಾಣಿಸಿಕೊಳ್ಳತೊಡಗಿದ್ದು ಮಾತ್ರ ಇತ್ತೀಚೆಗೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಮನೆಯ ಚಾವಣಿ ಸೋಲಾರ್‌ಗೆ ಸಹಾಯಧನ ಕೊಡುವ ಪಿಎಂ ಸೂರ್ಯಘರ್ ಯೋಜನೆಯನ್ನು ಆರಂಭಿಸಿದ ಮೇಲೆ ವಿಚಾರಿಸುವವರ ಸಂಖ್ಯೆ ಬಹಳ ಹೆಚ್ಚಿದೆ. ವೃತ್ತಿಯಿಂದ ನಾನು ಎಲೆಕ್ಟ್ರಿಕಲ್ ಗುತ್ತಿಗೆದಾರ. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದ ಕಡೆ ಕೆಲಸ ಮಾಡುತ್ತೇನೆ. ಬಂದವರೆಲ್ಲ ಒಂದೇ ಉಸಿರಿನಲ್ಲಿ ಕೇಳುವುದು ಎರಡು ಪ್ರಶ್ನೆ: ಎಷ್ಟು ಕಿಲೋವಾಟ್ ಹಾಕಿಸಬೇಕು, ಬ್ಯಾಟರಿ ಎಷ್ಟಿರಬೇಕು? ಈ ಎರಡನ್ನೂ ಒಂದೇ ಪ್ರಶ್ನೆಯಂತೆ ನೋಡುವುದರಿಂದಲೇ ಜನರ ಹಣ ಪೋಲಾಗುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ಯಾನೆಲ್ ಎಷ್ಟಿರಬೇಕೆಂಬುದನ್ನು ವರ್ಷದ ಬಿಲ್ಲುಗಳು ಹೇಳುತ್ತವೆ. ಬ್ಯಾಟರಿ ಎಷ್ಟಿರಬೇಕೆಂಬುದನ್ನು ತಿಳಿಯಲು, ಕರೆಂಟು ಹೋದಾಗ ಯಾವ ಕೆಲಸ ನಿಲ್ಲಬಾರದು ಎಂದು ಕೇಳಿಕೊಳ್ಳಬೇಕು.

ಬಿಲ್ಲಿನ ಮಾತು ಮೊದಲು. ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ 10ರಷ್ಟು ಸೇರಿಸಿ, ತಿಂಗಳಿಗೆ 200 ಯೂನಿಟ್ ಮೀರದಂತೆ ಉಚಿತವಾಗಿ ಕೊಡಲಾಗುತ್ತದೆ. ತಿಂಗಳಿಗೆ 90 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುತ್ತಿರುವ ಮನೆಯವರು ನನ್ನಲ್ಲಿಗೆ ಬಂದರೆ, ದುಡ್ಡು ಉಳಿಸುವ ಉದ್ದೇಶಕ್ಕಾದರೆ ಈಗ ಬೇಡ ಎಂದು ನೇರವಾಗಿ ಹೇಳುತ್ತೇನೆ. 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುವ ಮನೆಗಳ ಲೆಕ್ಕವೇ ಬೇರೆ. ಎಸಿ ಇರುವ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವ, ಕೂಡು ಕುಟುಂಬವಿರುವ ಮನೆಗೆ ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ಖರ್ಚು ಬೀಳುತ್ತದೆ. ನಮ್ಮ ಭಾಗದ ಬಿಸಿಲಿಗೆ 1 ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್‌ನಷ್ಟು ಕೊಡುತ್ತದೆ ಮತ್ತು ಅದಕ್ಕೆ ಸುಮಾರು 100 ಚದರ ಅಡಿ ಜಾಗ ಬೇಕು. 3 ಕಿಲೋವಾಟ್ ಹಾಕಿಸಿದರೆ ತಿಂಗಳಿಗೆ 350 ಯೂನಿಟ್‌ನ ಆಸುಪಾಸು. ಸೂರ್ಯಘರ್ ಸಹಾಯಧನ ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000. ಅದಕ್ಕಿಂತ ದೊಡ್ಡದನ್ನು ಹಾಕಿಸಿದರೂ ಸಹಾಯಧನ ಅಷ್ಟೇ. ಇದು ವಾಸದ ಮನೆಗಳಿಗೆ ಮಾತ್ರ, ದೇಶದೊಳಗೇ ತಯಾರಾದ ಪ್ಯಾನೆಲ್‌ಗಳಿಗೆ ಮಾತ್ರ, ಮತ್ತು ಇದರಲ್ಲಿ ಬ್ಯಾಟರಿಗೆ ಒಂದು ರೂಪಾಯಿಯೂ ಇಲ್ಲ. ಈ ಕೊನೆಯ ವಿಷಯವನ್ನು ಕೆಲವು ಮಾರಾಟಗಾರರು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಪ್ಯಾನೆಲ್ ಹಾಕಿಸಿದ ಮನೆಗೆ ಎರಡೂ ದಿಕ್ಕಿನಲ್ಲಿ ಲೆಕ್ಕ ಹಿಡಿಯುವ ಮೀಟರ್ ಬರುತ್ತದೆ. ಹಗಲು ಉಳಿದ ಕರೆಂಟು ಇಲ್ಲಿನ ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ, ತಿಂಗಳ ಕೊನೆಗೆ ವ್ಯತ್ಯಾಸಕ್ಕೆ ಬಿಲ್ಲು. ಬಳಸಿದ್ದಕ್ಕಿಂತ ಹೆಚ್ಚು ಕಳುಹಿಸಿದರೆ ಅದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಹೀಗಾಗಿ ಚಾವಣಿಯಲ್ಲಿ ಜಾಗವಿದೆ ಎಂಬ ಕಾರಣಕ್ಕೆ 5 ಕಿಲೋವಾಟ್ ಹಾಕಿಸಿ ಕರೆಂಟು ಮಾರುತ್ತೇನೆ ಎನ್ನುವ ಲೆಕ್ಕ ಕೈಗೂಡುವುದಿಲ್ಲ. ಹಿಂದಿನ 12 ತಿಂಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಯೂನಿಟ್‌ಗಳನ್ನು ಕೂಡಿಸಿ, ಅದಕ್ಕೆ ತಕ್ಕಷ್ಟೇ ಹಾಕಿಸುವುದು ಜಾಣತನ. ಒಂದು ತಿಂಗಳ ಬಿಲ್ಲು ನೋಡಿ ನಿರ್ಧರಿಸಬಾರದು. ಏಪ್ರಿಲ್‌ನ ಬಳಕೆಗೂ ಆಗಸ್ಟ್‌ನ ಬಳಕೆಗೂ ಹೋಲಿಕೆಯೇ ಇರುವುದಿಲ್ಲ. ಉತ್ಪಾದನೆಯೂ ಹಾಗೆಯೇ: ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಚೆನ್ನಾಗಿರುತ್ತದೆ, ಜುಲೈ, ಆಗಸ್ಟ್‌ನ ಮೋಡದಲ್ಲಿ ಇಳಿಯುತ್ತದೆ.

ಇಲ್ಲಿಯವರೆಗೆ ಬ್ಯಾಟರಿಯ ಪ್ರಸ್ತಾಪವೇ ಬಂದಿಲ್ಲ ಎಂಬುದನ್ನು ಗಮನಿಸಿ. ಬಿಲ್ಲು ಇಳಿಸುವ ಕೆಲಸಕ್ಕೆ ಅದು ಬೇಕಿಲ್ಲ. ಲೈನೇ ನಮ್ಮ ಉಗ್ರಾಣ. ಆದರೆ ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ, ಲೈನಿಗೆ ಕೂಡಿಸಿದ ಸಾಮಾನ್ಯ ಇನ್ವರ್ಟರ್‌ಗೆ ಒಂದು ಕಡ್ಡಾಯ ಗುಣವಿದೆ. ಕರೆಂಟು ಹೋದ ಕೂಡಲೇ ಅದೂ ನಿಂತುಬಿಡುತ್ತದೆ. "ಬಿಸಿಲು ಸುಡ್ತಾ ಇದೆ, ಮೇಲೆ ಪ್ಯಾನೆಲ್ ಇದೆ, ಫ್ಯಾನ್ ಯಾಕೆ ಸಾರ್ ತಿರುಗ್ತಿಲ್ಲ?" ಎಂದು ಸಿಟ್ಟಿನಿಂದ ಫೋನ್ ಮಾಡಿದವರಿದ್ದಾರೆ. ಕಾರಣ ಸರಳ ಮತ್ತು ಗಂಭೀರ. ಲೈನ್ ಆಫ್ ಮಾಡಿಸಿ ಲೈನ್‌ಮನ್ ಕಂಬ ಹತ್ತಿದ್ದಾಗ ನಮ್ಮ ಚಾವಣಿಯಿಂದ ಕರೆಂಟು ಹರಿದರೆ ಆತನ ಜೀವಕ್ಕೇ ಅಪಾಯ. ಆದ್ದರಿಂದ ಆ ಗುಣವನ್ನು ತಪ್ಪಿಸುವ ಯಾವ ಅಡ್ಡದಾರಿಗೂ ಕೈ ಹಾಕಬಾರದು. ಕರೆಂಟು ಹೋದಾಗಲೂ ಸೋಲಾರ್ ಕೆಲಸ ಮಾಡಬೇಕೆಂದರೆ, ಲೈನಿನಿಂದ ತಾನಾಗಿ ಬೇರ್ಪಟ್ಟು ಮನೆಯ ಆಯ್ದ ಲೋಡನ್ನಷ್ಟೇ ನಡೆಸುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು.

ಯಾವ ಲೋಡು ಎಂಬಲ್ಲಿಂದ ನಿಜವಾದ ಲೆಕ್ಕ ಶುರುವಾಗುತ್ತದೆ. ನಾಲ್ಕು ಎಲ್‌ಇಡಿ ದೀಪ, ಎರಡು ಫ್ಯಾನ್, ಒಂದು ಟಿವಿ, ವೈಫೈ ಎಲ್ಲ ಸೇರಿದರೂ 250ರಿಂದ 300 ವ್ಯಾಟ್ ದಾಟುವುದಿಲ್ಲ. ಮನೆಗಳಲ್ಲಿ ಈಗಾಗಲೇ ಇರುವ ಯುಪಿಎಸ್‌ನ 150 ಎಎಚ್ ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ (1 ಯೂನಿಟ್ ಎಂದರೆ 1,000 ವ್ಯಾಟ್ ಲೋಡನ್ನು ಒಂದು ಗಂಟೆ ನಡೆಸುವಷ್ಟು). ಅದರ ಆಯಸ್ಸು ಉಳಿಯಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು, ಅಂದರೆ 0.9 ಯೂನಿಟ್. ಅಷ್ಟರಲ್ಲಿ ಮೂರು ಗಂಟೆ ಕಳೆಯುತ್ತದೆ. ಮೈಸೂರಿನೊಳಗಿನ ಬಹುತೇಕ ಮನೆಗಳಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲವಾದ್ದರಿಂದ, ಇರುವ ಯುಪಿಎಸ್ ಅನ್ನು ಹಾಗೆಯೇ ಇಟ್ಟುಕೊಂಡು, ಪ್ಯಾನೆಲ್‌ಗಳನ್ನು ಬ್ಯಾಟರಿಯಿಲ್ಲದೆ ಲೈನಿಗೆ ಕೂಡಿಸಿ ಎನ್ನುವುದೇ ನನ್ನ ಸಲಹೆ. ಬೋರ್‌ವೆಲ್ ಮೋಟರ್, ಗೀಸರ್, ಇಸ್ತ್ರಿ ಪೆಟ್ಟಿಗೆಗಳನ್ನು ಬ್ಯಾಟರಿಯ ಮೇಲೆ ನಡೆಸುವ ಆಸೆಯನ್ನು ಬಿಡಬೇಕು. 1 ಎಚ್‌ಪಿ ಮೋಟರ್ ಓಡುವಾಗ 1,000 ವ್ಯಾಟ್ ಹತ್ತಿರ ತೆಗೆದುಕೊಂಡರೂ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ದೊಡ್ಡ ಇನ್ವರ್ಟರ್ ಕೊಳ್ಳುವುದಕ್ಕಿಂತ ಮಧ್ಯಾಹ್ನದ ಬಿಸಿಲಿನಲ್ಲೇ ಓವರ್‌ಹೆಡ್ ಟ್ಯಾಂಕ್ ತುಂಬಿಸಿಕೊಳ್ಳುವುದು ಮೇಲು.

ಸಣ್ಣ ವ್ಯಾಪಾರಸ್ಥರ ಪರಿಸ್ಥಿತಿ ಹೀಗಿಲ್ಲ. ಅವರಿಗೆ ಸೂರ್ಯಘರ್ ಸಹಾಯಧನವಿಲ್ಲ. ಆದರೆ ಅಂಗಡಿಗಳ ವಾಣಿಜ್ಯ ದರ ಮನೆಯ ದರಕ್ಕಿಂತ ಹೆಚ್ಚು, ಕೆಲಸ ನಡೆಯುವುದು ಹಗಲಿನಲ್ಲಿ, ಕರೆಂಟು ಹೋದ ಪ್ರತಿ ಗಂಟೆಗೂ ನಷ್ಟವಿದೆ. ಮಂಡ್ಯದ ಗುತ್ತಲು ರಸ್ತೆಯ ಕಡೆ ಒಬ್ಬ ಹೆಣ್ಣುಮಗಳು ನಡೆಸುವ ಹೊಲಿಗೆ ಅಂಗಡಿಯ ಉದಾಹರಣೆ ಕೊಡುತ್ತೇನೆ. ಒಂದು ಕಂಪ್ಯೂಟರ್ ಎಂಬ್ರಾಯಿಡರಿ ಯಂತ್ರ, ಎರಡು ಪವರ್ ಹೊಲಿಗೆ ಯಂತ್ರ, ದೀಪ, ಫ್ಯಾನ್, ಇಸ್ತ್ರಿ ಪೆಟ್ಟಿಗೆ, ಅಂಗಡಿಯೆಂದರೆ ಇಷ್ಟೇ. "ಕರೆಂಟ್ ಹೋಯ್ತು ಅಂದ್ರೆ ಡಿಸೈನು ಅರ್ಧಕ್ಕೆ ನಿಂತೋಯ್ತದೆ ಸಾರ್. ಮತ್ತೆ ಹಾಕ್ದಾಗ ದಾರ ಒಂದೆಳೆ ಆಚೀಚೆ ಆದ್ರೂ ಬ್ಲೌಸ್ ಪೀಸೇ ಹಾಳು. ಗಿರಾಕಿಗೆ ಏನ್ ಹೇಳ್ಲಿ?" ಎಂದು ಆಕೆ ಕೇಳಿದರು. ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ಒಂದೊಂದೇ ಯಂತ್ರ ಓಡಿಸಿ ನೋಡಿದೆ. ಎಂಬ್ರಾಯಿಡರಿ ಯಂತ್ರ 400 ವ್ಯಾಟ್, ಹೊಲಿಗೆ ಯಂತ್ರಗಳು ಎರಡೂ ಸೇರಿ ಸರಾಸರಿ 300, ದೀಪ ಮತ್ತು ಫ್ಯಾನ್ 100. ಇಸ್ತ್ರಿ ಪೆಟ್ಟಿಗೆಯೊಂದೇ 1,000. ಇಸ್ತ್ರಿ ಬಿಟ್ಟರೆ 800 ವ್ಯಾಟ್. ಎರಡೂವರೆ ಯೂನಿಟ್‌ನ ಲಿಥಿಯಂ ಬ್ಯಾಟರಿಯಿಂದ, ಇನ್ವರ್ಟರ್‌ನಲ್ಲಿ ಸೋರುವುದನ್ನು ಕಳೆದು, 2 ಯೂನಿಟ್ ಕೈಗೆ ಬಂದರೆ ಎರಡೂವರೆ ಗಂಟೆ ಕೆಲಸ ಸಾಗುತ್ತದೆ. ಇಸ್ತ್ರಿಯನ್ನೂ ಅದರ ಮೇಲೆ ಹಾಕಿದರೆ ಒಂದು ಗಂಟೆ ದಾಟುತ್ತಿದ್ದಂತೆ ಬ್ಯಾಟರಿ ಖಾಲಿ. ನಿರ್ಧಾರ ಅಲ್ಲೇ ಆಯಿತು: ಅಗತ್ಯದ ಲೋಡಿಗೆ ಬೇರೆ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ಹಾಕಿ, ಹೊಲಿಗೆಯ ಯಂತ್ರಗಳನ್ನೂ ದೀಪ, ಫ್ಯಾನ್‌ಗಳನ್ನೂ ಅದಕ್ಕೆ ಎಳೆದು, ಇಸ್ತ್ರಿಯ ಪ್ಲಗ್ಗನ್ನು ನೇರ ಲೈನಿನಲ್ಲೇ ಬಿಟ್ಟೆವು. ಬ್ಯಾಟರಿ ದೊಡ್ಡದು ಕೊಳ್ಳುವುದಕ್ಕಿಂತ ಆ ಹೆಚ್ಚುವರಿ ಡಿಬಿಯ ಖರ್ಚು ಎಷ್ಟೋ ಕಡಿಮೆ.

ಅದೇ ಮಂಡ್ಯದ ಆಲೆಮನೆಯವರು ಕೇಳಿದರೆ ಬ್ಯಾಟರಿ ಬೇಡವೇ ಬೇಡ ಎನ್ನುತ್ತೇನೆ. ಕಬ್ಬು ಅರೆಯುವ ಗಾಣದ ತ್ರೀಫೇಸ್ ಮೋಟರನ್ನು ಬ್ಯಾಟರಿಯಿಂದ ತಿರುಗಿಸುವುದು ಈಗಿನ ಬೆಲೆಯಲ್ಲಿ ನಡೆಯದ ಮಾತು.

ಬ್ಯಾಟರಿ ಬೇಕೇಬೇಕು ಎಂದಾದಾಗ ಲಿಥಿಯಂ ಒಳ್ಳೆಯದೋ ಟ್ಯೂಬುಲರ್ ಒಳ್ಳೆಯದೋ ಎಂದು ಕೇಳುತ್ತಾರೆ. ದಿನವೂ ತುಂಬಿ ಖಾಲಿಯಾಗುವ ಬಳಕೆಗೆ ಲಿಥಿಯಂ ಐರನ್ ಫಾಸ್ಫೇಟ್ ಸರಿ. ಅದರ ಶೇ 80ರಿಂದ 90ರಷ್ಟನ್ನು ಧೈರ್ಯವಾಗಿ ಬಳಸಬಹುದು, ಸಾವಿರಾರು ಸಲ ಚಾರ್ಜ್ ಆದರೂ ತಾಳುತ್ತದೆ, ನೀರು ಹಾಕುವ ಕೆಲಸವಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಕರೆಂಟು ಹೋಗುವ ಮನೆಗೆ ಟ್ಯೂಬುಲರ್ ಸಾಕು. ಆದರೆ ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಅನಿಲ ಬಿಡುತ್ತದೆ. ದೇವರ ಮನೆಯ ದೀಪದ ಪಕ್ಕ, ಅಡುಗೆ ಮನೆಯ ಮೂಲೆ, ಬಾಗಿಲು ಮುಚ್ಚಿದ ಕಪಾಟು ಇವು ಅದನ್ನು ಇಡುವ ಜಾಗಗಳಲ್ಲ. ಗಾಳಿಯಾಡುವ ಕಡೆ ಇಟ್ಟು, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುತ್ತಿರಬೇಕು.

ಈಗ ಚಾವಣಿ ಹತ್ತೋಣ, ಏಕೆಂದರೆ ಕೆಲಸದ ಗುಣಮಟ್ಟ ತೀರ್ಮಾನವಾಗುವುದು ಅಲ್ಲಿ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ದಕ್ಷಿಣಕ್ಕೆ ಮುಖಮಾಡಿ 10ರಿಂದ 15 ಡಿಗ್ರಿ ಓರೆಯಾಗಿ ಕೂರಿಸುವುದು ಇಲ್ಲಿಯ ರೂಢಿ. ಸೂರ್ಯ ನಮಗೆ ಹೆಚ್ಚು ಕಡಿಮೆ ನೆತ್ತಿಯ ಮೇಲೆಯೇ ಸಾಗುವುದರಿಂದ, ಪೂರ್ವ ಪಶ್ಚಿಮಕ್ಕೆ ಇಳಿಜಾರಾದ ಚಾವಣಿಯವರೂ ಬೇಸರಪಡಬೇಕಿಲ್ಲ, ನಷ್ಟ ಅಲ್ಪವೇ. ದಿಕ್ಕಿಗಿಂತ ನೆರಳು ದೊಡ್ಡ ಶತ್ರು. ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ಸರಣಿಯಾಗಿ ಕೂಡಿಸಿರುತ್ತಾರೆ. ನಾಲೆಯ ಮೇಲ್ಭಾಗದಲ್ಲಿ ಒಂದು ತೂಬನ್ನು ಅರ್ಧ ಮುಚ್ಚಿದರೆ ಕೆಳಗಿನ ಗದ್ದೆಗಳಿಗೆಲ್ಲ ನೀರು ಕಡಿಮೆಯಾಗುವಂತೆ, ಒಂದು ಪ್ಯಾನೆಲ್ ಮೇಲಿನ ನೆರಳು ಇಡೀ ಸಾಲನ್ನು ಬಾಧಿಸುತ್ತದೆ. ನೆರಳಾದ ಭಾಗವನ್ನು ಬಿಟ್ಟು ಕರೆಂಟಿಗೆ ದಾರಿ ಕೊಡುವ ಬೈಪಾಸ್ ಡಯೋಡ್‌ಗಳು ಇದನ್ನು ತಗ್ಗಿಸುತ್ತವೆಯೇ ಹೊರತು ಪೂರ್ತಿ ನಿವಾರಿಸುವುದಿಲ್ಲ. ಕುವೆಂಪುನಗರದ ಒಂದು ಮನೆಯಲ್ಲಿ ಸೋಲಾರ್ ವಾಟರ್ ಹೀಟರ್‌ನ ತಣ್ಣೀರು ಟ್ಯಾಂಕು ಬೆಳಿಗ್ಗೆ ಒಂಬತ್ತರವರೆಗೆ ಎರಡು ಪ್ಯಾನೆಲ್‌ಗಳಿಗೆ ಅಡ್ಡ ನಿಲ್ಲುತ್ತಿತ್ತು. ಟ್ಯಾಂಕನ್ನು ಪಶ್ಚಿಮದ ಮೂಲೆಗೆ ಸರಿಸಿದ್ದಷ್ಟೇ ಪರಿಹಾರ. ಪಕ್ಕದ ಮನೆಯ ತೆಂಗಿನಮರವನ್ನು ಹಾಗೆ ಸರಿಸಲಾಗದು, ಆದ್ದರಿಂದ ಡಿಸೆಂಬರ್‌ನಲ್ಲಿ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡಿಸಿ.

ಕಬ್ಬಿಣದ ಸ್ಟ್ಯಾಂಡನ್ನು ಏಳೆಂಟು ಅಡಿ ಎತ್ತರಿಸಿದರೆ ಕೆಳಗೆ ಬಟ್ಟೆ ಒಣಗಿಸುವುದಕ್ಕೂ ಮಕ್ಕಳು ಆಡುವುದಕ್ಕೂ ಜಾಗ ಉಳಿಯುತ್ತದೆ. ಖರ್ಚು ಹೆಚ್ಚುತ್ತದೆ, ಗಾಳಿಯ ಹೊಡೆತವೂ ಹೆಚ್ಚುತ್ತದೆ. ಅಷ್ಟಾದರೂ ಮಧ್ಯಮ ವರ್ಗದ ಮನೆಯ ತಾರಸಿ ಬಳಕೆಯಲ್ಲಿ ಉಳಿಯಬೇಕೆಂದು ನಾನು ಅದನ್ನೇ ಬಯಸುತ್ತೇನೆ. ಕಾಲುಗಳಿಗಾಗಿ ಆರ್‌ಸಿಸಿ ಕೊರೆದರೆ ಮುಂದಿನ ಮಳೆಗಾಲದಲ್ಲಿ ಸೋರಿಕೆ ಶುರುವಾಗಬಹುದು, ಕಾಂಕ್ರೀಟ್ ಪೆಡೆಸ್ಟಲ್ ಮೇಲೆ ನಿಲ್ಲಿಸಲು ಹೇಳಿ. ಹಳೆಯ ಅಗ್ರಹಾರಗಳ, ಮರದ ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿದ ಮದ್ರಾಸ್ ತಾರಸಿ ಮತ್ತು ಹೆಂಚಿನ ಮನೆಗಳಲ್ಲಿ ಭಾರದ ಬಗ್ಗೆ ಸಿವಿಲ್ ಎಂಜಿನಿಯರನ್ನು ಕೇಳದೆ ಕೆಲಸಕ್ಕೆ ಕೈ ಹಾಕಬಾರದು.

ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗಿನ ಡಿಸಿ ವೈರಿಂಗ್ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ. ಎಂಟು ಪ್ಯಾನೆಲ್‌ಗಳ ಸಾಲಿನಲ್ಲಿ 300 ವೋಲ್ಟ್‌ಗೂ ಹೆಚ್ಚಿರುತ್ತದೆ, ಮತ್ತು ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಆ ವೋಲ್ಟೇಜ್ ಅಲ್ಲೇ ಇರುತ್ತದೆ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಯನ್ನು ದಾಟುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆ ವಿರಾಮವಿಲ್ಲ, ಕಿಡಿ ಹಾಗೆಯೇ ಉರಿಯುತ್ತದೆ. ಮನೆಯ ಡಿಬಿಗೆ ಹಾಕುವ, ಲೋಡು ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚಾದ ಎಸಿ ಎಂಸಿಬಿಯನ್ನು ಡಿಸಿ ಪೆಟ್ಟಿಗೆಗೆ ಹಾಕಿ ನೂರಿನ್ನೂರು ರೂಪಾಯಿ ಉಳಿಸುವವರು ಮನೆಗೆ ಬೆಂಕಿಯ ದಾರಿ ತೆರೆದಿಡುತ್ತಾರೆ. ಡಿಸಿಗೆಂದೇ ತಯಾರಾದ ಎಂಸಿಬಿ, ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಅರೆಸ್ಟರ್, ಸರಿಯಾಗಿ ಕ್ರಿಂಪ್ ಮಾಡಿದ ಒಂದೇ ಕಂಪನಿಯ ಕನೆಕ್ಟರ್‌ಗಳು ಇರಬೇಕು. ಡಿಸಿ ಬದಿಗೆ, ಎಸಿ ಬದಿಗೆ, ಸಿಡಿಲು ತಡೆಗೆ ಮೂರು ಪ್ರತ್ಯೇಕ ಅರ್ಥಿಂಗ್ ಗುಂಡಿಗಳಿರಬೇಕು. ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳಲ್ಲಿ ಕೋತಿಗಳು ತೂಗುವ ವೈರನ್ನು ಹಿಡಿದು ಜಗ್ಗುವುದುಂಟು, ಅಲ್ಲಿ ಕೇಬಲ್ ಪೂರ್ತಿ ಪೈಪಿನೊಳಗೇ ಹೋಗಬೇಕು.

ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮೊದಲು, ಮೆತ್ತನೆಯ ಬಟ್ಟೆಯಿಂದ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಗಡಸು ಬೋರ್‌ವೆಲ್ ನೀರು ಆರಿದ ಮೇಲೆ ಬಿಳಿ ಪದರ ಉಳಿಸುತ್ತದೆ, ಸಾಧ್ಯವಾದರೆ ಕಾವೇರಿ ನೀರನ್ನೋ ಮಳೆನೀರನ್ನೋ ಬಳಸಿ. ಆಲೆಮನೆಯ ಹೊಗೆ ಬೀಸುವ ಕಡೆ ಮಸಿ ಜಿಡ್ಡಾಗಿ ಕೂರುವುದರಿಂದ ಅಲ್ಲಿಯವರು ಪದೇ ಪದೇ ಒರೆಸಬೇಕಾಗುತ್ತದೆ.

ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹಾಕಬೇಕು. 2024ರ ತಿದ್ದುಪಡಿ ನಿಯಮಗಳ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ನಮ್ಮಲ್ಲಿ ತಡವಾಗುವುದು ಹೆಚ್ಚಾಗಿ ಹೆಸರಿನ ಕಾರಣಕ್ಕೆ: ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್) ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲೇ ಇರುತ್ತದೆ, ಸಹಾಯಧನ ಜಮೆಯಾಗಬೇಕಾದ ಬ್ಯಾಂಕ್ ಖಾತೆ ಮೊಮ್ಮಗನದು. ಪ್ಯಾನೆಲ್‌ಗೆ ಮುಂಗಡ ಕೊಡುವ ಮೊದಲೇ ಸೆಸ್ಕ್ ಉಪವಿಭಾಗದ ಕಚೇರಿಗೆ ಹೋಗಿ ಹೆಸರು ಬದಲಾವಣೆ ಮುಗಿಸಿಕೊಳ್ಳಿ. ಕೆಲಸ ಮುಗಿದ ದಿನ ಗುತ್ತಿಗೆದಾರರಿಂದ ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರ್, ಇನ್ವರ್ಟರ್ ಮತ್ತು ಬ್ಯಾಟರಿಯ ವಾರಂಟಿ ಕಾರ್ಡು, ಅರ್ಥಿಂಗ್ ಅಳತೆಯ ಚೀಟಿ ಮತ್ತು ವೈರಿಂಗ್ ನಕ್ಷೆಯನ್ನು ಬರಹದಲ್ಲಿ ಪಡೆದು, ನಕ್ಷೆಯ ಒಂದು ಪ್ರತಿಯನ್ನು ಇನ್ವರ್ಟರ್ ಪಕ್ಕದ ಗೋಡೆಗೇ ಅಂಟಿಸಿಡಿ. ಹತ್ತು ವರ್ಷದ ನಂತರ ರಿಪೇರಿಗೆ ಬರುವ ಹುಡುಗನಿಗೆ ಯಾವ ವೈರು ಎಲ್ಲಿಂದ ಬಂದಿದೆ ಎಂದು ಅದರಿಂದಲೇ ತಿಳಿಯಬೇಕು.